ವೇದಿಕೆಯಲ್ಲಿ ಬೇಸ್ ಗಿಟಾರ್: ಒಂದು ಸ್ವರ ಗುಡುಗುತ್ತದೆ, ಇನ್ನೊಂದು ಕೇಳಿಸುವುದೇ ಇಲ್ಲ

ಕೆಳಸ್ಥಾಯಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ತಂತಿಯ ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನಲ್ಲಿರುವುದು 4 ಓಮ್‌ಗೆ 500 ವ್ಯಾಟ್ ಕೊಡುವ ಆಂಪ್, ನಾಲ್ಕು 10 ಇಂಚಿನ ಸ್ಪೀಕರ್‌ಗಳ ಒಂದು ಕ್ಯಾಬಿನೆಟ್, ಅದರಡಿಗೆ ಒಂದೇ 15 ಇಂಚಿನ ಸ್ಪೀಕರ್ ಇರುವ ಇನ್ನೊಂದು ಕ್ಯಾಬಿನೆಟ್. ಕ್ಯಾಬಿನೆಟ್‌ಗಳೆರಡೂ 8 ಓಮ್‌ನವು, ಬೇರೆ ಬೇರೆ ಕಂಪನಿಯವು.

ಮನೆಯಲ್ಲಿ ಒಬ್ಬನೇ ನುಡಿಸುವಾಗ ನಾದ ತುಂಬಿಕೊಂಡು ಹದವಾಗಿ ಕೇಳುತ್ತದೆ. ತಂಡದೊಂದಿಗೆ ವೇದಿಕೆ ಹತ್ತಿದೊಡನೆ ಅದೇ ನಾಬ್‌ಗಳು, ಅದೇ ಬೆರಳುಗಳು, ಆದರೆ ನಾದ ಮಾತ್ರ ಬೇರೆ. ಇ ತಂತಿಯ ಐದನೇ ಫ್ರೆಟ್‌ನ ಎ ಸ್ವರ ವೇದಿಕೆಯನ್ನೇ ನಡುಗಿಸುವಂತೆ ಗುಂಯ್ಗುಡುತ್ತದೆ; ಎ ತಂತಿಯ ಎಂಟನೇ ಫ್ರೆಟ್‌ನ ಎಫ್ ಸ್ವರ ಯಾರೋ ಬಾಯಿ ಮುಚ್ಚಿಸಿದ ಹಾಗೆ ಅಡಗಿಹೋಗುತ್ತದೆ. ಗಿಟಾರ್ ನುಡಿಸುವವರು ಬೇಸ್ ಜಾಸ್ತಿಯಾಯಿತು ಎನ್ನುತ್ತಾರೆ, ನನಗೋ ನಾನು ನುಡಿಸುತ್ತಿರುವುದೇ ಕೇಳಿಸುವುದಿಲ್ಲ. ಸಭಾಂಗಣದ ಹಿಂದೆ ಕುಳಿತವರಿಗೆ ಸ್ವರಗಳು ತಿಳಿಯದೆ ಬರಿಯ ಗುಡುಗುಡು ಸದ್ದು ಕೇಳಿತೆಂದು ಹೇಳಿದರು.

ನಾವು ಹೆಚ್ಚಾಗಿ ನುಡಿಸುವ ಜಾಗದ ಸೂರು ಮೂರು ಮೀಟರಿಗಿಂತ ತುಸು ಎತ್ತರದಲ್ಲಿದೆ. ಕ್ಯಾಬಿನೆಟ್‌ಗಳ ಮುಖ ಹಿಂಬದಿಯ ಗೋಡೆಯಿಂದ ಸುಮಾರು ಒಂದು ಮೀಟರ್ ಮುಂದಿರುತ್ತದೆ. 1000 ವ್ಯಾಟ್‌ನ ಆಂಪ್ ಕೊಂಡರೆ ಈ ತೊಂದರೆ ನೀಗುತ್ತದೆಯೇ, ಅಥವಾ ಕ್ಯಾಬಿನೆಟ್ ಬದಲಿಸಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಮರದಪೆಟ್ಟಿಗೆ:

ಏನನ್ನಾದರೂ ಕೊಳ್ಳುವ ಮೊದಲು ಅಳತೆ ಪಟ್ಟಿಯೊಂದನ್ನು ಕೈಗೆತ್ತಿಕೊಳ್ಳಿ. ನೀವು ಕೊಟ್ಟಿರುವ ವಿವರಗಳಲ್ಲೇ ಅರ್ಧ ಉತ್ತರವಿದೆ.

ಕೆಳಸ್ಥಾಯಿಯ ಶಬ್ದ ಸ್ಪೀಕರಿನ ಮುಂದಕ್ಕಷ್ಟೇ ಹೋಗದೆ ಪೆಟ್ಟಿಗೆಯನ್ನು ಬಳಸಿಕೊಂಡು ಸುತ್ತಲೂ ಹರಡುತ್ತದೆ. ಹಿಂದಕ್ಕೆ ಹೋದ ಪಾಲು ಗೋಡೆಗೆ ಬಡಿದು ಮರಳುತ್ತದೆ. ಹೋಗಿ ಬರುವ ಆ ದಾರಿ ಯಾವ ಸ್ವರದ ಅರ್ಧ ತರಂಗದೂರಕ್ಕೆ ಸಮನಾಗುತ್ತದೋ ಆ ಸ್ವರ ನೇರವಾಗಿ ಹೊರಟ ಶಬ್ದಕ್ಕೆ ಎದುರುಬಿದ್ದು ಅದನ್ನು ಅಳಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಯ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಅಳಿಯುವ ಕಂಪನಾಂಕ ಸಿಗುತ್ತದೆ. ನಿಮ್ಮ ಕ್ಯಾಬಿನೆಟ್ ಒಂದು ಮೀಟರ್ ಮುಂದಿದೆ ಎಂದಮೇಲೆ ಅದು ಸುಮಾರು 86 ಹರ್ಟ್ಸ್ ಆಯಿತು. ನಿಮ್ಮ ಆ ಎಫ್ ಸ್ವರದ ಕಂಪನಾಂಕ 87.3 ಹರ್ಟ್ಸ್. ಸ್ವರವನ್ನು ನುಂಗುತ್ತಿರುವುದು ಆಂಪ್ ಅಲ್ಲ, ಗೋಡೆ. ಇ ತಂತಿಯ ಮೊದಲನೇ ಫ್ರೆಟ್‌ನ ಕೆಳಗಿನ ಎಫ್ ಕೂಡ ಸೊರಗಿದಂತೆ ಕೇಳುತ್ತಿರಬೇಕು, ಗಮನಿಸಿ ನೋಡಿ. ಅದರ ಮೂಲ ಕಂಪನಾಂಕ 43.7 ಹರ್ಟ್ಸ್ ಆದರೂ ಕಿವಿಗೆ ಅದರ ಗುರುತು ಸಿಗುವುದು ಬಹುಪಾಲು ಅದರ ಎರಡು ಪಟ್ಟು ಕಂಪನಾಂಕದ ಉಪಸ್ವರವಾದ ಎರಡನೇ ಹಾರ್ಮೋನಿಕ್‌ನಿಂದ, ಆ ಹಾರ್ಮೋನಿಕ್ ಇರುವುದು ಇದೇ 87ರಲ್ಲಿ.

ಹಾಗೆ ಅಳಿಸಿಹೋದ ಸ್ವರವನ್ನು ಈಕ್ವಲೈಜರ್‌ನಲ್ಲಿ ಏರಿಸಿ ತರಲಾಗುವುದಿಲ್ಲ. ನೀವು ಏರಿಸಿದಷ್ಟೂ ಗೋಡೆಯಿಂದ ಮರಳುವ ಪಾಲೂ ಏರುತ್ತದೆ. ಆದ್ದರಿಂದ ಕ್ಯಾಬಿನೆಟ್‌ಗಳನ್ನು ಗೋಡೆಗೆ ಆದಷ್ಟು ಒತ್ತಿ ಇಡಿ. ಪೋರ್ಟ್ (ಪೆಟ್ಟಿಗೆಯ ಗಾಳಿಕಿಂಡಿ) ಹಿಂಬದಿಗಿದ್ದರೆ ಅದು ಮುಚ್ಚಿಹೋಗದಂತೆ ಒಂದು ಗೇಣು ಜಾಗ ಬಿಡಿ. ಆಗ ಮುಖ ಗೋಡೆಯಿಂದ 45 ಸೆಂಟಿಮೀಟರ್ ದೂರಕ್ಕೆ ಬರುತ್ತದೆ ಎಂದುಕೊಂಡರೆ ಅಳಿಯುವ ಜಾಗ 190 ಹರ್ಟ್ಸ್‌ಗೆ ಜರುಗುತ್ತದೆ, ಅಲ್ಲಿ ಪೆಟ್ಟಿಗೆಯ ಹಿಂದಕ್ಕೆ ಹೋಗುವ ಶಬ್ದ ಅಷ್ಟೊಂದು ಇರುವುದಿಲ್ಲ. ಗೋಡೆಯ ಆಸರೆ ಸಿಕ್ಕಮೇಲೆ ಕೆಳಸ್ವರಗಳು ಒಟ್ಟಾರೆಯಾಗಿ ಮೇಲೇಳುತ್ತವೆ, ಬೇಸ್ ನಾಬ್ ಅನ್ನು ಅದಕ್ಕೆ ತಕ್ಕಂತೆ ಇಳಿಸಿ. ಮೂಲೆಯಲ್ಲಿಟ್ಟರೆ ಇನ್ನೂ ಹೆಚ್ಚು ಏರುತ್ತದೆ, ಅದು ಬೇಡ.

ಮನೆಯ ಹದ ವೇದಿಕೆಯಲ್ಲಿ ಕೆಡುವುದಕ್ಕೆ ಇನ್ನೊಂದು ಕಾರಣ ನಮ್ಮ ಕಿವಿಯೇ. ಸದ್ದು ಮೆಲ್ಲಗಿದ್ದಾಗ ಕೆಳಗಿನ ಕಂಪನಾಂಕಗಳು ಕಿವಿಗೆ ಮಿಕ್ಕವುಗಳಿಗಿಂತ ಕಡಿಮೆ ಕೇಳುತ್ತವೆ. ಸದ್ದು ಏರಿದಂತೆ ಆ ಅಂತರ ಕಿರಿದಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಸಮಶ್ರವಣ ರೇಖೆಗಳು ತೋರಿಸಿದ್ದು ಇದನ್ನೇ. ಮನೆಯಲ್ಲಿ ಮೆಲ್ಲಗೆ ನುಡಿಸುತ್ತ ಬೇಸ್ ಏರಿಸಿ, ಮಿಡ್ ಇಳಿಸಿ ಸಿದ್ಧಪಡಿಸಿದ ನಾದವು ವೇದಿಕೆಯ ಮಟ್ಟಕ್ಕೆ ಏರಿದಾಗ ಗುಡುಗಾಗುವುದು ಸಹಜ. ತಂಡದ ನಡುವೆ ಬೇಸಿನ ಗುರುತು ಉಳಿಯುವುದು 250ರಿಂದ 800 ಹರ್ಟ್ಸ್‌ವರೆಗಿನ ಮಿಡ್‌ನಲ್ಲಿ. ಅದನ್ನು ಕಡಿದವರಿಗೆ ತಮ್ಮ ವಾದ್ಯ ಕೇಳಿಸದೆ ಇರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಐದನೇತಂತಿ:

ಗೋಡೆಯ ವಿಚಾರ ಸರಿ. ವ್ಯಾಟ್ ಮತ್ತು ಕ್ಯಾಬಿನೆಟ್‌ಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

500ರಿಂದ 1000 ವ್ಯಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಕ್ಯಾಬಿನೆಟ್ ಬಿಟ್ಟು 100 ಕೊಡುವುದನ್ನು ಬಳಸಿದರೆ ಆಂಪ್ ಮುಟ್ಟದೆಯೇ ಅದೇ 3 ಡೆಸಿಬೆಲ್ ದೊರೆಯುತ್ತದೆ. ಅಂಗಡಿಯವರು ವ್ಯಾಟ್ ಅಂಕಿಯನ್ನು ದೊಡ್ಡಕ್ಷರದಲ್ಲಿ ತೋರಿಸುತ್ತಾರೆ, ಈ ಅಂಕಿಯನ್ನು ಕೇಳಿದರೆ ಮಾತ್ರ ಹೇಳುತ್ತಾರೆ.

ನನಗೆ ಅನುಮಾನವಿರುವುದು ನಿಮ್ಮ 15 ಇಂಚಿನ ಪೆಟ್ಟಿಗೆಯ ಮೇಲೆ. ಎರಡೂ 8 ಓಮ್‌ನವಾದ್ದರಿಂದ ಜೊತೆಗೂಡಿ 4 ಓಮ್ ಆಗಿ ಆಂಪಿನ 500 ವ್ಯಾಟ್ ಅನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಮೇಲಿನ ಪೆಟ್ಟಿಗೆಯಲ್ಲಿ ನಾಲ್ಕು ಸ್ಪೀಕರ್‌ಗಳು ತಲಾ 62 ವ್ಯಾಟ್‌ನಷ್ಟು ಹೊರುತ್ತಿರುವಾಗ ಕೆಳಗಿನ ಒಂಟಿ ಸ್ಪೀಕರ್ 250 ವ್ಯಾಟ್ ಹೊರುತ್ತಿರುತ್ತದೆ. ಮೊದಲು ಸುಸ್ತಾಗಿ ನಾದ ಕೆಡಿಸುವುದು ಅದೇ. ಮೇಲಾಗಿ ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳ ಪೋರ್ಟ್‌ಗಳು ಬೇರೆ ಬೇರೆ ಕಂಪನಾಂಕಕ್ಕೆ ಶ್ರುತಿಗೊಂಡಿರುತ್ತವೆ. ಆ ಆಸುಪಾಸಿನಲ್ಲಿ ಒಂದರ ಕೋನ್ (ಸ್ಪೀಕರಿನ ಅಲುಗುವ ಪೊರೆ) ಮುಂದೆ ತಳ್ಳುವಾಗ ಇನ್ನೊಂದರ ಪೋರ್ಟ್ ಒಳಗೆ ಎಳೆಯುತ್ತಿರಬಹುದು. ಕೆಲವು ಸ್ವರಗಳಲ್ಲಿ ಅವು ಕೈಜೋಡಿಸುತ್ತವೆ, ಕೆಲವುಗಳಲ್ಲಿ ಕಾದಾಡುತ್ತವೆ. ದೊಡ್ಡ ಸ್ಪೀಕರ್ ಎಂದರೆ ಹೆಚ್ಚು ಆಳ ಎಂಬ ನಂಬಿಕೆಗೆ ಆಧಾರವಿಲ್ಲ. ಆಳವನ್ನು ನಿರ್ಧರಿಸುವುದು ಸ್ಪೀಕರಿನ ಗುಣ, ಪೆಟ್ಟಿಗೆಯ ಗಾತ್ರ ಮತ್ತು ಪೋರ್ಟಿನ ಶ್ರುತಿ ಮೂರೂ ಸೇರಿ.

ಆಂಪೆಗ್ ಕಂಪನಿ 1969ರಲ್ಲಿ ಹೊರತಂದ 300 ವ್ಯಾಟ್‌ನ ಎಸ್‌ವಿಟಿ ಟ್ಯೂಬ್ ಆಂಪಿಗೆ ಜೊತೆಯಾದದ್ದು ಎಂಟು 10 ಇಂಚಿನ ಸ್ಪೀಕರ್‌ಗಳ ಮುಚ್ಚಿದ ಪೆಟ್ಟಿಗೆ. ಆ ಬಗೆಯ ಪೆಟ್ಟಿಗೆಯಾದ ಎಸ್‌ವಿಟಿ-810ಇ ಎಂಬುದರ ವಿವರಪಟ್ಟಿಯಲ್ಲಿ 58 ಹರ್ಟ್ಸ್ ಹೊತ್ತಿಗೇ ನಾದ 3 ಡೆಸಿಬೆಲ್ ಇಳಿದಿರುತ್ತದೆ. ತೆರೆದ ಇ ತಂತಿಯ ಮೂಲ ಕಂಪನಾಂಕ 41.2 ಹರ್ಟ್ಸ್. ಆದರೂ ದಶಕಗಳ ಕಾಲ ದೊಡ್ಡ ವೇದಿಕೆಗಳಲ್ಲಿ ಆ ಪೆಟ್ಟಿಗೆಯನ್ನು ಆಳ ಸಾಲದೆಂದು ಯಾರೂ ಕೆಳಗಿಳಿಸಲಿಲ್ಲ.

15 ಇಂಚಿನದನ್ನು ಮನೆಯಲ್ಲಿ ಬಿಟ್ಟು ಒಂದೇ ಕ್ಯಾಬಿನೆಟ್‌ನೊಂದಿಗೆ ನುಡಿಸಿ ನೋಡಿ. ಎರಡು ಬೇಕೇ ಬೇಕೆಂದರೆ ಈಗಿರುವುದರಂಥದೇ ಇನ್ನೊಂದನ್ನು ತನ್ನಿ. ಓಮ್ ಲೆಕ್ಕ ಮಾತ್ರ ತಪ್ಪಬಾರದು: ಎರಡು 4 ಓಮ್ ಪೆಟ್ಟಿಗೆ ಸೇರಿದರೆ 2 ಓಮ್ ಆಗುತ್ತದೆ, ಎಲ್ಲ ಆಂಪ್‌ಗಳೂ ಅದನ್ನು ತಾಳುವುದಿಲ್ಲ. ಗಿಟಾರಿನಿಂದ ಆಂಪಿಗೆ ಹಾಕುವ ಕೇಬಲ್ ಅನ್ನು ಸ್ಪೀಕರಿಗೆ ಬಳಸಬೇಡಿ; ಅದರೊಳಗಿನ ತೆಳ್ಳನೆಯ ತಂತಿ ಅಷ್ಟು ವಿದ್ಯುತ್ತಿಗೆ ಮಾಡಿದ್ದಲ್ಲ.

ಕೆಳಸ್ಥಾಯಿ:

ಇಬ್ಬರಿಗೂ ಕೃತಜ್ಞತೆಗಳು. ನಾಲ್ಕು ಸ್ಪೀಕರಿನ ಕ್ಯಾಬಿನೆಟ್ ಒಂದನ್ನೇ ಗೋಡೆಗೆ ಒತ್ತಿ ಇಟ್ಟು ಅಭ್ಯಾಸದಲ್ಲಿ ನುಡಿಸಿದೆ. ಎಫ್ ಸ್ವರ ಸ್ಪಷ್ಟವಾಗಿ ಮರಳಿತು, ಕೆಳಗಿನ ಎಫ್‌ಗೂ ಮೈ ತುಂಬಿತು. ಎ ಸ್ವರದ ಗುಂಯ್ಗುಡುವಿಕೆ ಮಾತ್ರ ಹಾಗೆಯೇ ಇದೆ, ಬೇಸ್ ನಾಬ್ ಇಳಿಸಿದರೆ ಉಳಿದ ಸ್ವರಗಳೂ ಬಡವಾಗುತ್ತವೆ. ಜೊತೆಗೆ, ಹತ್ತಿರ ನಿಂತ ನನಗೆ ಮಂಕಾಗಿ ಕೇಳುವ ನಾದವು ನಾಲ್ಕೈದು ಮೀಟರ್ ಎದುರಿಗಿರುವ ಡ್ರಮ್ಮರಿಗೆ ಕರ್ಕಶವಾಗಿ ಕೇಳುತ್ತದೆಯಂತೆ. ಇದೇಕೆ ಹೀಗೆ?

ಮರದಪೆಟ್ಟಿಗೆ:

ಆ ಎ ಸ್ವರ 55 ಹರ್ಟ್ಸ್. 343 ಅನ್ನು ಅದರ ಎರಡು ಪಟ್ಟಿನಿಂದ, ಅಂದರೆ 110ರಿಂದ ಭಾಗಿಸಿದರೆ 3.1 ಮೀಟರ್ ಬರುತ್ತದೆ, ಅದು ನೀವು ಹೇಳಿದ ಸೂರಿನ ಎತ್ತರಕ್ಕೆ ಹೊಂದುತ್ತದೆ. ನೆಲ ಮತ್ತು ಸೂರಿನ ನಡುವೆ ಆ ಸ್ವರ ಸರಿಯಾಗಿ ಅರ್ಧ ತರಂಗವಾಗಿ ಕೂತು ಅನುರಣಿಸುತ್ತಿದೆ. ಇಂಥ ಅನುರಣನದಲ್ಲಿ ಒತ್ತಡ ಅತಿ ಹೆಚ್ಚಿರುವುದು ನೆಲದಲ್ಲಿ ಮತ್ತು ಸೂರಿನಲ್ಲಿ, ಅತಿ ಕಡಿಮೆ ನಡುಮಟ್ಟದಲ್ಲಿ. ನೆಲದ ಮೇಲಿಟ್ಟ ಕ್ಯಾಬಿನೆಟ್ ಅದನ್ನು ಪೂರ್ತಿಯಾಗಿ ಕೆರಳಿಸುತ್ತದೆ. ಅಲುಗಾಡದ, ಭಾರ ತಾಳುವ ಪೀಠದ ಮೇಲೆ ಒಂದು ಮೀಟರಿನಷ್ಟು ಎತ್ತರಿಸಿದರೆ ಸ್ಪೀಕರ್‌ಗಳು ನಡುಮಟ್ಟದ ಹತ್ತಿರ ಬರುತ್ತವೆ, ಆ ಒಂದು ಸ್ವರದ ಕೊಬ್ಬು ಇಳಿಯುತ್ತದೆ. ಟೊಳ್ಳು ಹಲಗೆಯ ವೇದಿಕೆಯಾಗಿದ್ದರೆ ಹಲಗೆಗೆ ದಾಟುವ ನಡುಕವನ್ನು ತಡೆಯಲು ಪೀಠದಡಿ ದಪ್ಪ ಫೋಮ್ ಹಾಕಿ. ಇಷ್ಟಾದಮೇಲೂ ಉಳಿದದ್ದನ್ನು, ಬೇಕಾದ ಕಂಪನಾಂಕವನ್ನಷ್ಟೇ ಆರಿಸಿ ಇಳಿಸಬಲ್ಲ ಪ್ಯಾರಾಮೆಟ್ರಿಕ್ ಈಕ್ವಲೈಜರ್‌ನಲ್ಲಿ 55ರ ಸುತ್ತ ಕಿರಿದಾಗಿ 4ರಿಂದ 6 ಡೆಸಿಬೆಲ್ ಕಡಿಯಿರಿ. ಬೇಸ್ ನಾಬ್ ಅಗಲವಾದ ಪಟ್ಟಿಯನ್ನೇ ಇಳಿಸುತ್ತದೆ, ಅದಕ್ಕೇ ಉಳಿದ ಸ್ವರಗಳೂ ಬಡವಾದವು.

ಎರಡನೆಯ ಪ್ರಶ್ನೆಗೂ ಎತ್ತರವೇ ಉತ್ತರ. ಸ್ಪೀಕರ್‌ಗಳು ನಿಮ್ಮ ಮೊಣಕಾಲಿನ ಮಟ್ಟದಲ್ಲಿವೆ, ಕಿವಿ ಮೇಲಿದೆ. ಮೇಲಿನ ಕಂಪನಾಂಕಗಳು ಕೆಳಗಿನವುಗಳಂತೆ ಹರಡದೆ ನೆಟ್ಟಗೆ ಮುಂದೆ ಸಾಗುವುದರಿಂದ ನಿಮ್ಮ ಕಾಲಿನ ಪಕ್ಕದಲ್ಲೇ ಹಾದು, ದೂರದಲ್ಲಿ ಎದುರು ಕುಳಿತವರ ಮೇಲೆ ಬೀಳುತ್ತವೆ. ಅವು ನಿಮಗೆ ಕೇಳಿಸದ ಕಾರಣ ನೀವು ಟ್ರೆಬಲ್ ಏರಿಸುತ್ತೀರಿ, ಪೆಟ್ಟು ಬೀಳುವುದು ಡ್ರಮ್ಮರಿನ ಕಿವಿಗೆ. ಎತ್ತರಿಸಲಾಗದಿದ್ದರೆ ಹಿಂದಕ್ಕೆ ಓರೆಯಾಗಿಸಿ ಕಿವಿಯತ್ತ ತಿರುಗಿಸಿ. ಟ್ವೀಟರ್ ಮಟ್ಟವನ್ನು ಅದಾದಮೇಲೆ ಹೊಂದಿಸಿ.

ಮಿಕ್ಸರ್‌ಬದಿ:

ನಾನು ಸೌಂಡ್ ಇಂಜಿನಿಯರ್. ಮೇಲಿನ ಮಾತುಗಳನ್ನು ಒಪ್ಪುತ್ತೇನಾದರೂ ಅವೆಲ್ಲ ವೇದಿಕೆಯ ಮೇಲಿನ ಲೆಕ್ಕ. ಹಿಂದೆ ಕುಳಿತವರಿಗೆ ಬರಿಯ ಗುಡುಗುಡು ಕೇಳಿತೆಂದು ಅವರು ಬರೆದಿದ್ದಾರಲ್ಲ, ಅದಕ್ಕೆ ಇದೊಂದರಿಂದಲೇ ಪರಿಹಾರ ಸಿಗುವುದಿಲ್ಲ.

ಸಭಾಂಗಣದಲ್ಲಿ ಸಬ್‌ವೂಫರ್‌ಗಳಿದ್ದರೆ ಅಲ್ಲಿಯ ಕೆಳಸ್ವರದ ಹೊಣೆಯನ್ನು ಅವುಗಳಿಗೇ ಬಿಡಿ. ವೇದಿಕೆಯ ಕ್ಯಾಬಿನೆಟ್ ನಿಮಗೂ ನಿಮ್ಮ ತಂಡಕ್ಕೂ ಕೇಳಿದರೆ ಸಾಕು. ಅದನ್ನು ಜೋರಾಗಿಟ್ಟರೆ ಅದರ ಕೆಳಸ್ವರ ಸಭಾಂಗಣಕ್ಕೂ ಹರಿದು ಬರುತ್ತದೆ, ಬರುವಾಗ ತಡವಾಗಿ ಬರುತ್ತದೆ. ಕ್ಯಾಬಿನೆಟ್ ಸಬ್‌ಗಳಿಗಿಂತ 3 ಮೀಟರ್ ಹಿಂದಿದ್ದರೆ ಆ ತಡ ಸುಮಾರು 8.7 ಮಿಲಿಸೆಕೆಂಡ್, ಅಂದರೆ 57 ಹರ್ಟ್ಸ್ ಆಸುಪಾಸಿನಲ್ಲಿ ಸರಿಯಾಗಿ ಅರ್ಧ ಸುತ್ತು. ಎರಡೂ ಮೂಲಗಳು ಸಮಬಲವಾಗಿದ್ದರೆ ಆ ಜಾಗದ ಸ್ವರಗಳು ಪ್ರೇಕ್ಷಕರಿಗೆ ತಲುಪುವುದೇ ಇಲ್ಲ. ಇಂಥಲ್ಲಿ ನಾನು ಮಿಕ್ಸರಿನಲ್ಲಿ ಸಬ್‌ಗಳನ್ನು ಮುಖ್ಯ ಸ್ಪೀಕರ್‌ಗಳ ಸಮೇತ ಅಷ್ಟೇ ತಡವಾಗಿಸುತ್ತೇನೆ. ಅಲೆಯನ್ನು ತಲೆಕೆಳಗಾಗಿಸುವ ಪೋಲಾರಿಟಿ ಗುಂಡಿ ಒತ್ತಿದರೂ ಆ ಹಳ್ಳ ತುಂಬುತ್ತದೆ, ಆದರೆ ಅದಕ್ಕಿಂತ ಮೇಲೆ ಇನ್ನೊಂದು ಹಳ್ಳ ಬೀಳುವುದರಿಂದ ಅದು ನನಗೆ ಇಷ್ಟವಿಲ್ಲದ ದಾರಿ. ಸಣ್ಣ ಜಾಗದಲ್ಲಿ ಇದಾವುದರ ಗೊಡವೆಯೂ ಬೇಡ, ವೇದಿಕೆಯ ಸದ್ದು ಇಳಿಸಿದರೆ ಮುಗಿಯಿತು.

ಆಂಪಿನ ಹಿಂದೆ, ಮಿಕ್ಸರಿಗೆ ನೇರವಾಗಿ ನಾದ ಕಳಿಸುವ ಡಿಐ ಔಟ್ ಬಳಿ ಪ್ರಿ (ಆಂಪಿನ ನಾಬ್‌ಗಳಿಗೆ ಮೊದಲು) ಮತ್ತು ಪೋಸ್ಟ್ (ಅವುಗಳ ನಂತರ) ಎಂಬ ಗುಂಡಿ ಇದ್ದರೆ ಪ್ರಿ ಕಡೆಗೆ ಇಡಿ. ಪೋಸ್ಟ್‌ನಲ್ಲಿಟ್ಟರೆ ನೀವು ನಿಮ್ಮ ಮೂಲೆಯ ತೊಂದರೆಗೆ 55 ಹರ್ಟ್ಸ್ ಕಡಿದದ್ದು ಇಡೀ ಸಭಾಂಗಣಕ್ಕೂ ಕಡಿದುಹೋಗುತ್ತದೆ. ನಿಮ್ಮ ನಾದದ ಗುರುತೇ ಆಂಪಿನ ಗೊರಗೊರ ಆಗಿದ್ದರೆ ಮಾತು ಬೇರೆ. ಆಗ ಪೋಸ್ಟ್ ಕೊಡಿ, ಆದರೆ ಸೌಂಡ್ ಚೆಕ್ ಆದಮೇಲೆ ನಾಬ್ ಮುಟ್ಟಬೇಡಿ. ದಯವಿಟ್ಟು.

ಕಿಕ್ ಡ್ರಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಿಕ್ ಮತ್ತು ಬೇಸ್ ಎರಡಕ್ಕೂ 60 ಹರ್ಟ್ಸ್‌ನಲ್ಲೇ ತೂಕ ಕೊಟ್ಟರೆ ಎರಡೂ ಕಲಸಿಹೋಗುತ್ತವೆ. ಕಿಕ್ ಅಲ್ಲಿ ಕೂತರೆ ನಾನು ಬೇಸಿನ ತೂಕವನ್ನು 90ರಿಂದ 100ರ ಸುತ್ತ ಇಡುತ್ತೇನೆ. ಕಿಕ್ ಮೇಲಿದ್ದರೆ ಬೇಸ್ ಕೆಳಗಿಳಿಯುತ್ತದೆ. ಬೇಸ್ ಚಾನೆಲಿಗೆ 35 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಯುವ ಹೈ-ಪಾಸ್ ಫಿಲ್ಟರ್ ಯಾವಾಗಲೂ ಇರುತ್ತದೆ, ವೇದಿಕೆಯ ಆಂಪಿಗೂ ಅಂಥದೊಂದಿದ್ದರೆ ಒಳ್ಳೆಯದು. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಶ್ರುತಿಗೊಂಡ ಕಂಪನಾಂಕಕ್ಕಿಂತ ಕೆಳಗೆ ಕೋನಿಗೆ ಗಾಳಿಯ ತಡೆ ಇರುವುದಿಲ್ಲ. ಅಂಗೈ ತಂತಿಗೆ ತಗಲಿ ಎದ್ದ ಧಡ್ ಸದ್ದಿಗೇ ಅದು ಹುಚ್ಚೆದ್ದು ಹಿಂದೆ ಮುಂದೆ ಓಡುತ್ತದೆ. ಆ ಓಟದಿಂದ ಕೇಳುವಂಥ ನಾದ ಏನೂ ಹುಟ್ಟುವುದಿಲ್ಲ, ಸ್ಪೀಕರಿನ ಶಕ್ತಿ ಮಾತ್ರ ಅದರಲ್ಲಿ ಖರ್ಚಾಗುತ್ತದೆ.

ಐದನೇತಂತಿ:

ಹೈ-ಪಾಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಐದು ತಂತಿಯವರ ಕೆಳಗಿನ ಬಿ 30.9 ಹರ್ಟ್ಸ್ ಆದ್ದರಿಂದ 35ರ ಫಿಲ್ಟರ್ ಆ ಸ್ವರವನ್ನೇ ಕತ್ತರಿಸುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಅದರ ಎರಡನೇ ಹಾರ್ಮೋನಿಕ್ ಸುಮಾರು 62, ಮೂರನೆಯದು 93. ಇವು ಗಟ್ಟಿಯಾಗಿದ್ದರೆ ಕಿವಿ ಬಿ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ನಾನು ವೇದಿಕೆಯ ಆಂಪಿನಲ್ಲಿ 40ಕ್ಕೇ ಇಡುತ್ತೇನೆ. ಪ್ಲಕ್ ಮಾಡುವ ಬೆರಳನ್ನು ಬ್ರಿಡ್ಜ್ ಕಡೆಗೆ ತುಸು ಸರಿಸಿದರೆ ಆ ಹಾರ್ಮೋನಿಕ್‌ಗಳು ಇನ್ನಷ್ಟು ಮೇಲೇಳುತ್ತವೆ, ಅದಕ್ಕೆ ಯಾವ ನಾಬೂ ಬೇಕಿಲ್ಲ.