ಕಲ್ಲು ಓದಿದವರ ಮಾತು ನಡೆಯುತ್ತಾ, ಅಚ್ಚಾದ ಪುಸ್ತಕದ್ದಾ?

ಕೆರೆಕೋಡಿ_ಕೋಲಾರ:
ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಹೋದ ವಾರ ಒಂದು ಆನ್‌ಲೈನ್ ವಿಶ್ವಕೋಶದಲ್ಲಿ ನಮ್ಮೂರ ಕೆರೆಯ ಬಗ್ಗೆ ಓದುತ್ತಿದ್ದೆ. ಯಾವ ವಿಶ್ವಕೋಶ ಅಂತ ಹೆಸರು ಬೇಡ. ಕೆರೆ ದುರಸ್ತಿಗೆ ಹತ್ತು ಕೊಳಗ ಗದ್ದೆಯನ್ನು ಬಿತ್ತುವಟ್ಟ, ಅಂದರೆ ಕೆರೆ ನೋಡಿಕೊಳ್ಳಲು ಕೊಡುವ ದತ್ತಿಯಾಗಿ, ಬಿಟ್ಟರು ಅಂತ ಶಾಸನದಲ್ಲಿದೆ ಎಂದು ಬರೆದಿದ್ದರು. ಏರಿ ಮೇಲಿನ ಕಲ್ಲಿನಲ್ಲಿರುವುದು ಹತ್ತು ಖಂಡುಗ. ಎರಡೂ ಬಿತ್ತನೆ ಬೀಜದ ಲೆಕ್ಕದಲ್ಲಿ ಗದ್ದೆ ಹೇಳುವ ಹಳೆಯ ಅಳತೆ, ಖಂಡುಗಕ್ಕೆ ಇಪ್ಪತ್ತು ಕೊಳಗ. ಅಂದರೆ ಇಪ್ಪತ್ತು ಪಟ್ಟು ವ್ಯತ್ಯಾಸ. ಆ ಕಲ್ಲನ್ನು ತೊಳೆದು, ಮೈದಾ ಹಿಟ್ಟು ಬಳಿದು, ಮೊಣಕಾಲೂರಿ ಓದಿದವನು ನಾನೇ.

ತಿದ್ದಿದೆ. ಎರಡು ನಿಮಿಷಕ್ಕೆ ಹಳೆಯದೇ ವಾಪಸ್. ಜೊತೆಗೊಂದು ನೋಟಿಸು: ಸ್ವಂತ ಸಂಶೋಧನೆಗೆ ಅವಕಾಶವಿಲ್ಲ, ಉಲ್ಲೇಖ ಒದಗಿಸಿ. ನಾನೇ ಉಲ್ಲೇಖ ಅಂದೆ. ಮತ್ತೆ ತೆಗೆದರು. ಮೂರನೇ ಸಲ ತಿದ್ದಿದ್ದಕ್ಕೆ ಒಂದು ದಿನ ನನ್ನ ಖಾತೆಯನ್ನೇ ತಡೆದರು. ತಡೆದವರಿಗೆ ಹಳಗನ್ನಡ ಬರುತ್ತಾ? ಯಾರಿಗೆ ಗೊತ್ತು, ಅಲ್ಲಿರೋದು ಒಂದು ಅಡ್ಡಹೆಸರು.

ಟೊಮೆಟೊ_ಮಂಡಿ:
ಮೇಷ್ಟ್ರೇ, ನೀವೂ ಇಲ್ಲಿ ಅಡ್ಡಹೆಸರಲ್ಲೇ ಇದ್ದೀರಿ 🙂

ಕೆರೆಕೋಡಿ_ಕೋಲಾರ:
ಅದು ಮೊಮ್ಮಗಳು ಇಟ್ಟಿದ್ದು. ವಿಷಯಕ್ಕೆ ಬನ್ನಿ.

ರಾತ್ರಿಪಾಳಿ_ತುಮಕೂರು:
ಸರ್, ನಿಮ್ಮನ್ನು ತಡೆದದ್ದು ನಾನಲ್ಲ. ಆದರೆ ನಾನೂ ಇಂಥದ್ದೇ ಕೆಲಸ ಮಾಡುವವನು. ವಸಂತನರಸಾಪುರದಲ್ಲಿ ಪಾಳಿ ಮುಗಿಸಿ ಬಂದು ವಿಕಿಪೀಡಿಯದಲ್ಲಿ ಕೂರುತ್ತೇನೆ. ಸಂಬಳ ಇಲ್ಲ, ಬೈಗುಳ ಜಾಸ್ತಿ.

ನಮ್ಮ ಕಡೆಯಿಂದಲೂ ಒಮ್ಮೆ ನೋಡಿ. ತುಮಕೂರು ಅನ್ನೋ ಹೆಸರು ತುಂಬೆ ಗಿಡದಿಂದ ಬಂತು ಅಂತ ಒಬ್ಬರು ಬರೆಯುತ್ತಾರೆ. ಅಲ್ಲ, ತಮಟೆಯಿಂದ ಅಂತ ಇನ್ನೊಬ್ಬರು ಅಳಿಸುತ್ತಾರೆ. ಮೂರನೆಯವರು ಬಂದು ತಮ್ಮ ವಂಶದವರೇ ಊರು ಕಟ್ಟಿದ್ದು ಅಂತಾರೆ. ಮೂವರದ್ದೂ ಒಂದೇ ಮಾತು: ನನಗೆ ಗೊತ್ತು. ನಾನು ಓದಿರೋದು ಡಿಪ್ಲೊಮಾ. ಯಾವುದು ಸರಿ ಅಂತ ತೀರ್ಪು ಕೊಡೋ ಯೋಗ್ಯತೆ ನನಗಿಲ್ಲ. ಎಲ್ಲಿ ಅಚ್ಚಾಗಿದೆ ಅಂತ ಕೇಳೋದು ಮಾತ್ರ ನನ್ನ ಕೈಲಾಗುತ್ತೆ. ಆ ನಿಯಮ ನಿಮ್ಮಂಥವರನ್ನು ಅವಮಾನ ಮಾಡೋಕೆ ಅಂತ ನೀವು ತಿಳಿದಿದ್ದೀರಿ. ನಿಜ ಹೇಳಬೇಕೆಂದರೆ ಅದು ಕಟ್ಟಿಹಾಕೋದು ನನ್ನಂಥವರ ಕೈಯನ್ನು.

ಕೆರೆಕೋಡಿ_ಕೋಲಾರ:
ಮಾತು ಚೆನ್ನಾಗಿದೆ ತಮ್ಮ. ಆದರೆ ಅಚ್ಚಾದದ್ದೆಲ್ಲ ಸರಿ ಇರುತ್ತಾ? ಬ್ರಿಟಿಷರ ಕಾಲದ ಶಾಸನತಜ್ಞ ರೈಸ್ ಸಾಹೇಬರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಅಚ್ಚು ಹಾಕಿಸಿದರು, ಎಪಿಗ್ರಾಫಿಯ ಕರ್ನಾಟಿಕ ಅನ್ನೋ ಶಾಸನಗಳ ಮಾಲೆಯ 10ನೇ ಸಂಪುಟ. ಚಿಕ್ಕಬಳ್ಳಾಪುರದ ಕಲ್ಲುಗಳೂ ಅದರಲ್ಲೇ ಇವೆ. ಆ ಜಿಲ್ಲೆ ಬೇರೆಯಾಗಿದ್ದು 2007ರಲ್ಲಿ. ಆ ಸಂಪುಟಕ್ಕೆ ಕೈಮುಗಿದೇ ನಾವೆಲ್ಲ ಅಕ್ಷರ ಕಲಿತಿದ್ದು. ಆದರೂ ಯಾರ ಓದೇ ಆಗಲಿ, ಆಮೇಲೆ ಬಂದವರು ಕಲ್ಲಿನ ಹತ್ತಿರ ಹೋಗಿ ತಿದ್ದುತ್ತಾ ಬಂದರೇನೇ ಈ ವಿದ್ಯೆ ಬೆಳೆಯೋದು.

ಅಮೆರಿಕದ ಮೆಸ್ಸರ್-ಕ್ರೂಸ್ ಅನ್ನೋ ಇತಿಹಾಸ ಪ್ರೊಫೆಸರ್ ಕತೆ ಗೊತ್ತಾ? ಶಿಕಾಗೋದಲ್ಲಿ 1886ರಲ್ಲಿ ಕಾರ್ಮಿಕರ ಸಭೆಯಲ್ಲಿ ಬಾಂಬ್ ಬಿತ್ತು, ಹೇಮಾರ್ಕೆಟ್ ಪ್ರಕರಣ. ಆರೋಪಿಗಳಿಗೂ ಬಾಂಬಿಗೂ ನಂಟು ತೋರಿಸುವ ಸಾಕ್ಷ್ಯವನ್ನೇ ಸರ್ಕಾರದ ಕಡೆಯವರು ಕೊಡಲಿಲ್ಲ ಅಂತ ವಿಕಿಪೀಡಿಯದಲ್ಲಿತ್ತು. ಈತ ವಿಚಾರಣೆಯ ದಾಖಲೆ ಪೂರ್ತಿ ಓದಿದವರು. 118 ಜನ ಸಾಕ್ಷಿ ಹೇಳಿದ್ದಾರಲ್ಲ ಅಂತ ತಿದ್ದಿದರು. ತೆಗೆದರು. ಪುಸ್ತಕ ಬರಲಿ ಅಂದರು. ಪುಸ್ತಕ ಬಂತು. ಆಗ ಏನಂದರು? ನಿಮ್ಮದು ಒಬ್ಬರ ಅಭಿಪ್ರಾಯ, ಹೆಚ್ಚು ಜನ ಬರೆದದ್ದಕ್ಕೇ ತೂಕ ಅಂತ. 2012ರಲ್ಲಿ ಅವರೇ ಇದನ್ನೆಲ್ಲ ಬರೆದರು. ಹಳೆಯ ತಪ್ಪನ್ನು ಹತ್ತು ಜನ ನಕಲು ಮಾಡಿದರೆ ಅದು ಹತ್ತು ಸಾಕ್ಷಿ ಆಗುತ್ತಾ?

ಚಿಂತಾಮಣಿ_ಟೀಚರ್:
ಮೇಷ್ಟ್ರೇ, ತಜ್ಞರ ಕೈಗೇ ಕೊಟ್ಟೂ ನೋಡಿದ್ದಾರೆ. 2000ದಲ್ಲಿ ನ್ಯೂಪೀಡಿಯ ಅಂತ ಒಂದು ಆನ್‌ಲೈನ್ ವಿಶ್ವಕೋಶ ಶುರುವಾಯಿತು. ಬರೆಯೋರು ತಜ್ಞರು, ನೋಡೋರು ತಜ್ಞರು, ಒಂದು ಲೇಖನ ಏಳು ಹಂತ ದಾಟಬೇಕು. ಸರ್ಕಾರಿ ಫೈಲ್ ನೆನಪಾಗುತ್ತೆ ಅಲ್ವಾ. 2003ರಲ್ಲಿ ಬಾಗಿಲು ಹಾಕುವಾಗ ಮುಗಿದಿದ್ದು ಸುಮಾರು ಎರಡು ಡಜನ್ ಲೇಖನ. ಅದರ ಪಕ್ಕದಲ್ಲೇ, 2001ರ ಜನವರಿ 15ಕ್ಕೆ, ಯಾರು ಬೇಕಾದರೂ ಬರೀರಿ ಅಂತ ತೆರೆದದ್ದು ವಿಕಿಪೀಡಿಯ. ಅದನ್ನು ಶುರುಮಾಡಿದವರಲ್ಲಿ ಒಬ್ಬರಾದ ಲ್ಯಾರಿ ಸ್ಯಾಂಗರ್ ಆಮೇಲೆ ಹೊರಗೆ ಬಂದು, ತಜ್ಞರಿಗೆ ಮರ್ಯಾದೆ ಇರಲಿ ಅಂತ 2006ರಲ್ಲಿ ಸಿಟಿಜೆಂಡಿಯಂ ಅನ್ನೋ ಇನ್ನೊಂದು ವಿಶ್ವಕೋಶ ಕಟ್ಟಿದರು. ಹೆಚ್ಚು ಜನ ಸೇರಲಿಲ್ಲ.

ಇನ್ನೊಂದು. ಧರ್ಮಶಾಸ್ತ್ರದ ಪ್ರೊಫೆಸರ್ ಅಂತ ಹೇಳಿಕೊಂಡು ವಿಕಿಪೀಡಿಯದಲ್ಲಿ ವಾದ ಗೆಲ್ಲುತ್ತಿದ್ದ ಒಬ್ಬ ಸಂಪಾದಕ, 24 ವರ್ಷದ, ಡಾಕ್ಟರೇಟ್ ಇಲ್ಲದ ಹುಡುಗ ಅಂತ 2007ರಲ್ಲಿ ಬಯಲಾಯಿತು. 'ನಾನೇ ಉಲ್ಲೇಖ' ಅನ್ನೋ ಮಾತನ್ನು ಒಪ್ಪಿಕೊಂಡರೆ ಇಂಥವರನ್ನೂ ಒಪ್ಪಿಕೊಳ್ಳಬೇಕಾಗುತ್ತೆ.

ಹಾಗಂತ ನಿಯಮದವರೇ ಸರಿ ಅಂತ ನಾನು ಹೇಳಲ್ಲ. ಕೆನಡಾದ ವಿಜ್ಞಾನಿ ಡೋನಾ ಸ್ಟ್ರಿಕ್‌ಲ್ಯಾಂಡ್ ಬಗ್ಗೆ ವಿಕಿಪೀಡಿಯಕ್ಕೆ ಬರೆದ ಕರಡು ಲೇಖನವನ್ನು 2018ರ ಮೇನಲ್ಲಿ ಸಾಕಷ್ಟು ಉಲ್ಲೇಖ ಇಲ್ಲ ಅಂತ ತಿರಸ್ಕರಿಸಿದರು. ಅಕ್ಟೋಬರ್‌ನಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಪತ್ರಿಕೆಗಳೇ ಅವರ ಬಗ್ಗೆ ಬರೆಯದೇ ಇದ್ದರೆ ಉಲ್ಲೇಖ ಎಲ್ಲಿಂದ ತರೋದು?

ಮುದ್ದೇನಹಳ್ಳಿ_ಬಸ್:
ಅಚ್ಚಾದದ್ದೇ ಎರಡು ಮಾತಾಡಿದರೆ? ನಮ್ಮೂರ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861 ಅಂತ ಬಹಳ ಕಡೆ ಇದೆ, 1860 ಅಂತಲೂ ಇದೆ. ಶತಮಾನೋತ್ಸವದ ಅಂಚೆಚೀಟಿ ಬಂದಿದ್ದು 1960ರ ಸೆಪ್ಟೆಂಬರ್ 15ಕ್ಕೆ. ನಮ್ಮ ತಾತ ಆ ಚೀಟಿ ತೋರಿಸಿಯೇ ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು. ಅಜ್ಜಿ ಮಾತ್ರ ಬಿಡುತ್ತಿರಲಿಲ್ಲ. ನೂರಕ್ಕೆ ಕಾಲಿಟ್ಟರೆ ನೂರಾಯ್ತು ಅನ್ನೋದು ಎಲ್ಲರ ಮನೇಲೂ ಇದೆ, ಅದೇನು ಲೆಕ್ಕ ಅನ್ನುತ್ತಿದ್ದರು.

ರಾತ್ರಿಪಾಳಿ_ತುಮಕೂರು:
ಅಲ್ಲಿ ಕಷ್ಟ ಇಲ್ಲ ಸರ್. ಎರಡನ್ನೂ ಹಾಕಿ, ಯಾವುದು ಎಲ್ಲಿದೆ ಅಂತ ಬರೆದರೆ ಆಯ್ತು. ಅಜ್ಜಿಯನ್ನು ಹಾಕೋಕಾಗಲ್ಲ, ಅಷ್ಟೇ.

ಟೊಮೆಟೊ_ಮಂಡಿ:
ಅಜ್ಜಿ ಲೆಕ್ಕವೇ ಸರಿ ಅನ್ಸುತ್ತೆ. ಮಂಡಿಯಲ್ಲಿ ನಾವು ಕ್ರೇಟ್ ಎಣಿಸೋದೂ ಹಾಗೇ, ತುಂಬಿದ ಮೇಲೇನೇ ಒಂದು.

ಕೆರೆಕೋಡಿ_ಕೋಲಾರ:
ನಗೋದು ಬಿಡಿ. ನನ್ನ ಖಂಡುಗಕ್ಕೆ ಏನು ದಾರಿ?

ರಾತ್ರಿಪಾಳಿ_ತುಮಕೂರು:
ನೀವು ಓದಿದ್ದನ್ನು ಯಾವುದಾದರೂ ಇತಿಹಾಸದ ಪತ್ರಿಕೆಗೆ ಕಳಿಸಿ. ಅಚ್ಚಾದ ದಿನ ನಾನೇ ತಿದ್ದುತ್ತೇನೆ.

ಕೆರೆಕೋಡಿ_ಕೋಲಾರ:
ಕಳಿಸಿದರೆ ಅಚ್ಚಾಗೋಕೆ ವರ್ಷ ಹಿಡಿಯುತ್ತೆ. ನನಗೆ ಎಪ್ಪತ್ತೆರಡು. ಏರಿ ಮೇಲೆ ರಸ್ತೆ ಅಗಲ ಮಾಡ್ತಿದ್ದಾರೆ, ಕಲ್ಲು ಅಲ್ಲಿವರೆಗೆ ಇರುತ್ತೋ ಇಲ್ಲವೋ. ಇಂಗ್ಲಿಷಿನವರಿಗೆ ಒಂದೊಂದು ವಿಷಯಕ್ಕೆ ನೂರು ಪತ್ರಿಕೆ. ನಮ್ಮ ಹಳ್ಳಿ ಕಲ್ಲುಗಳ ವಿಷಯ ಇರೋದು ನಾಲ್ಕು ಜನರ ತಲೆಯಲ್ಲಿ, ಎರಡು ನೋಟ್‌ಬುಕ್‌ನಲ್ಲಿ. ಅಲ್ಲಿಗೆ ಮಾಡಿದ ನಿಯಮವನ್ನು ಹಾಗೇ ಇಲ್ಲಿಗೆ ತಂದರೆ ನಾವು ಬರೆಯೋದಾದರೂ ಏನು?

ರಾತ್ರಿಪಾಳಿ_ತುಮಕೂರು:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಆ ನೋಟಿಸಿನ ಭಾಷೆಯೂ ಸರಿಯಿಲ್ಲ, ಒಪ್ತೀನಿ. ಅದು ರೆಡಿ ಇರೋ ಒಕ್ಕಣೆ, ಬಟನ್ ಒತ್ತಿದರೆ ಬೀಳುತ್ತೆ. ಚರ್ಚೆ ಪುಟದಲ್ಲಿ ಮೊದಲು 'ನಮಸ್ಕಾರ ಸರ್, ಎಲ್ಲಿ ನೋಡಿದಿರಿ' ಅಂತ ಕೇಳಬೇಕಿತ್ತು. ನಾನೂ ಎಷ್ಟೋ ಸಲ ಕೇಳಿಲ್ಲ.

ಒಂದು ಕೆಲಸ ಮಾಡಬಹುದು. ಆ ವಿಶ್ವಕೋಶದಲ್ಲಿ ನನಗೂ ಖಾತೆ ಇದೆ. ಅನುಮಾನ ಇರೋ ಅಂಕಿಯನ್ನು ಇಟ್ಟುಕೊಳ್ಳಲೇಬೇಕು ಅಂತ ಯಾವ ನಿಯಮವೂ ಹೇಳಲ್ಲ. 'ಹತ್ತು ಕೊಳಗ' ತೆಗೆದು 'ಗದ್ದೆ ಬಿಟ್ಟರು' ಅಂತ ಮಾತ್ರ ಇಡೋಣ ಅಂತ ಚರ್ಚೆ ಪುಟದಲ್ಲಿ ಕೇಳ್ತೀನಿ. ಕಲ್ಲಿನ ಫೋಟೊ ಇದ್ದರೆ ನನ್ನ ಮಾತಿಗೆ ಬಲ.

ಚಿಂತಾಮಣಿ_ಟೀಚರ್:
ಫೋಟೊ ನೋಡಿ ಓದೋದೂ ಸ್ವಂತ ಸಂಶೋಧನೆ ತಾನೇ?

ರಾತ್ರಿಪಾಳಿ_ತುಮಕೂರು:
ಹೌದು ಮೇಡಂ. ಅದಕ್ಕೇ ಹೊಸ ಅಂಕಿ ಸೇರಿಸ್ತಿಲ್ಲ, ಹಳೆಯದನ್ನು ತೆಗೀತಿದ್ದೀನಿ ಅಷ್ಟೇ.

ಕೆರೆಕೋಡಿ_ಕೋಲಾರ:
ತಪ್ಪು ಹೋಗುತ್ತೆ, ಸರಿ ಬರಲ್ಲ. ಅರ್ಧ ನ್ಯಾಯ. ಆಗಲಿ, ಪತ್ರಿಕೆಗೂ ಬರೀತೀನಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರಾದರೂ ಒಳ್ಳೆಯ ಮೊಬೈಲ್ ತನ್ನಿ. ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲೇ ಅಕ್ಷರ ಎದ್ದು ಕಾಣೋದು. ಒಂಬತ್ತಕ್ಕೆ ಬಂದರೆ ಬರೀ ಕಲ್ಲು.

ಟೊಮೆಟೊ_ಮಂಡಿ:
ನಾನು ಬರ್ತೀನಿ ಮೇಷ್ಟ್ರೇ. ಮೈದಾ ತರಲಾ?

ಕೆರೆಕೋಡಿ_ಕೋಲಾರ:
ಬೇಡ. ಹೋದ ಸಲ ಇರುವೆ ಮುತ್ತಿಕೊಂಡು ಕಾಲೂರೋಕೆ ಆಗಲಿಲ್ಲ. ಒಂದು ಕೊಡ ನೀರು, ಒಂದು ಮೆತ್ತನೆ ಬ್ರಷ್ ಸಾಕು.