20 ವರ್ಷದ ಪಂಕ್ ಬ್ಯಾಂಡ್, ಹೊಸ ರಾಜಕೀಯ ಆಲ್ಬಮ್: ಹಲಗೆ, ಗಿಟಾರ್ ನಡುವೆ ಮಾತು ಕೇಳ್ತಿಲ್ಲ

ಕೌಲ್‌ಬಜಾರ್_ಬಾಸ್, ಬಳ್ಳಾರಿ

ನಮ್ಮ ಪಂಕ್ (ವೇಗದ, ಕೂಗಿ ಹಾಡೋ ರಾಕ್) ಬ್ಯಾಂಡ್ ಶುರುವಾಗಿ 20 ವರ್ಷ. ಎರಡು ಗಿಟಾರ್, ಒಂದು ಬಾಸ್, ಡ್ರಮ್ಸ್. ಈ ಸಲ 9 ಹಾಡು, ಎಲ್ಲಾ ಈ ಸೀಮೆದೇ. 2011ರಾಗ ಗಣಿ ನಿಲ್ಲಿಸಿದ್ದು, ಆಮೇಲೆ ಅಕ್ರಮ ಎಷ್ಟು ಅಂತ ನೋಡಿ ಗುತ್ತಿಗೆಗಳನ್ನ ಎ, ಬಿ, ಸಿ ಅಂತ ವಿಂಗಡಿಸಿದ್ದು, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿದ್ದು, ಶಕ್ತಿನಗರದ ಹಾರುಬೂದಿ, ಮನೆಮನೆಯಾಗೆ ಜೀನ್ಸ್ ಹೊಲಿಯೋರು, ರಾಯಚೂರಿನ ಏಮ್ಸ್ ಹೋರಾಟ. ನಾಲ್ಕು ಹಾಡಿಗೆ ಹಲಗೆ (ತಮಟೆ) ಐತೆ.

ರೆಕಾರ್ಡಿಂಗ್ 10 ಅಡಿ ಅಗಲ, 12 ಅಡಿ ಉದ್ದದ ರೂಮಿನಾಗೆ. ಕಡಪ ಕಲ್ಲಿನ ನೆಲ, ಖಾಲಿ ಗೋಡೆ. 8 ಇನ್‌ಪುಟ್ ಇಂಟರ್‌ಫೇಸ್ (ಮೈಕಿನ ದನಿ ಕಂಪ್ಯೂಟರಿಗೆ ಕಳಿಸೋ ಡಬ್ಬಿ), ಮೈಕು ಎಸ್‌ಎಂ57 ಎರಡು, ಎಸ್‌ಎಂ58 ಎರಡು, ಕಂಡೆನ್ಸರ್ ಒಂದು. ಹಾಡಿನ ವೇಗ 190ರಿಂದ 200 ಬಿಪಿಎಮ್ (ನಿಮಿಷಕ್ಕೆ ಇಷ್ಟು ಬೀಟು).

ಡೆಮೊದಾಗೆ ಆಗಿರೋ ತೊಂದರೆ ಇವು. ಹಾಡೋದು ಒಂದು ಮಾತೂ ಅರ್ಥ ಆಗ್ತಿಲ್ಲ. ಗಿಟಾರ್ ಬಂದ ಕೂಡಲೇ ಹಲಗೆ ತಗಡು ಬಡಿದಂಗೆ ಕೇಳ್ತೈತೆ, ಮಧ್ಯಾಹ್ನ ಆದ್ರೆ ಅದೂ ಸಪ್ಪೆ. ಬಾಸಿನ ಎ ತಂತಿನ ಬೆರಳಿಂದ ಒತ್ತದೆ ಬಾರಿಸಿದ್ರೆ ರೂಮೆಲ್ಲಾ ಗುಂಯ್ ಅಂತೈತೆ. ಇನ್ನ ಎರಡು ಹಾಡಿನಾಗೆ ವ್ಯಕ್ತಿ, ಕಂಪನಿ ಹೆಸರು ನೇರವಾಗಿ ಬರ್ತೈತೆ, ಒಂದು ಹಾಡಿಗೆ ಹಳೇ ರಿವಾಯತ್ (ಮೊಹರಂ) ಪದದ ಸಾಲು ತಗೊಂಡೀವಿ. ಇವನ್ನ ಹೆಂಗೆ ನಿಭಾಯಿಸಬೇಕು?

ಮಾನ್ವಿ_ಮೇಳ, ರಾಯಚೂರು

ಅಣ್ಣಾ, ಮೊದಲು ಮಾತಿಂದು ನೋಡ್ರಿ. ಜನರ ಹಾಡು ಅಂತ ಮಾಡಿ ಜನರಿಗೇ ತಿಳೀಲಿಲ್ಲ ಅಂದ್ರ ಉಳಿದದ್ದೆಲ್ಲ ಯಾಕ ಬೇಕು?

200 ಬಿಪಿಎಮ್ ಅಂದ್ರ ಅರ್ಧ ಬೀಟಿಗೆ 150 ಮಿಲಿಸೆಕೆಂಡು. ಅಷ್ಟರಾಗ ಒಂದು ಲಘು ಅಕ್ಷರ ಹೋಗ್ತದ, ಒತ್ತಕ್ಷರ ಹೋಗಲ್ಲ. ಒತ್ತು ಬಂದಾಗ ನಾಲಿಗೆ ಒಂದು ಕ್ಷಣ ತಡೆದು ನಿಲ್ತದ. ಆ ತಡೆಗೆ ಜಾಗ ಸಿಗದಿದ್ರ ‘ಹಳ್ಳಿ’ ಹೋಗಿ ‘ಹಳಿ’ ಆಗ್ತದ, ‘ಕಟ್ಟು’ ಹೋಗಿ ‘ಕಟು’ ಆಗ್ತದ. ಮೈಕು ಬದಲಿಸಿದ್ರ ಇದು ಸರಿಹೋಗಲ್ಲ, ಸಾಲೇ ಬದಲಿಸಬೇಕು. ಪಲ್ಲವಿ ಬಿಟ್ಟು ಉಳಿದ ಸಾಲಿನಾಗ ಒತ್ತು ಕಮ್ಮಿ ಮಾಡ್ರಿ, ಮಾತ್ರೆ ಎಣಿಸ್ರಿ. ನಾಲ್ಕು ಬೀಟಿಗೆ ಒಂದು ಬಾರು, ಒಂದು ಬಾರಿಗೆ 8 ಮಾತ್ರೆ. ಗೇಟಿನ ಹಾಡಿಗೆ ಹಿಂಗ ಬರೆದು ನೋಡ್ರಿ:

ಸರಪಳಿ ಕಡೀತು
ಗೇಟು ಹೋತು
ನೀರು ಹೋತು

ಮೊದಲ ಸಾಲು 4+4, ಬಾರು ತುಂಬಿತು. ಎರಡನೇದು, ಮೂರನೇದು 3+3, ಅಂದ್ರ ಕಡೀಗೆ 2 ಮಾತ್ರೆ ಖಾಲಿ. ಆ ಖಾಲಿ ಜಾಗನೇ ಹಲಗೆದು. ಹಾಡೋನು ಬಾಯಿ ಮುಚ್ಚಿದಾಗ ಎರಡು ಪೆಟ್ಟು ಬೀಳಲಿ. ಹಾಡಿನುದ್ದಕ್ಕೂ ಹಲಗೆ ಬಡಿದ್ರ ಮಾತೂ ಸಾಯ್ತದ, ಹಲಗೀನೂ ಸಾಯ್ತದ.

ಪಲ್ಲವಿಯಾಗ ಮಾತ್ರ ಇದರ ಉಲ್ಟಾ. ಎಲ್ಲರೂ ಕೂಗೋ ಕಡೆ ವೇಗ ಅರ್ಧಕ್ಕ ಇಳಿಸಿ ಒತ್ತು ಇರೋ ಪದನೇ ಹಾಕ್ರಿ. ‘ಹತ್ತೊಂಬತ್ತು’ ಅನ್ನೋ ಪದ ನೋಡ್ರಿ, ಎರಡು ಕಡೆ ‘ತ್ತ’ ತಡೆದು ನಿಲ್ತದ, ನಾಲಿಗೆನೇ ಹಲಗೆ ಬಾರಿಸಿದಂಗ. ರಿವಾಯತ್ ಮೇಳದಾಗ ಒಬ್ಬರು ಸಾಲು ಎತ್ತಿ ಕೊಡ್ತಾರ, ಉಳಿದವರು ಹಿಡೀತಾರ. ಪಂಕ್ ಹಾಡಿನ ಗುಂಪು ಕೂಗೂ ಅದೇ ಕೆಲಸ ಮಾಡ್ತದ, ಹೊರಗಿಂದ ಏನೂ ತರೋದು ಬೇಕಾಗಿಲ್ಲ. 6 ಮಂದಿ ಕಂಡೆನ್ಸರಿಗೆ 4 ಅಡಿ ದೂರ ಅರ್ಧಚಂದ್ರ ನಿಂತು ಕೂಗ್ಲಿ. ಜಾಗ ಅದಲು ಬದಲು ಮಾಡಿ 3 ಸಲ ತಗೊಂಡ್ರ 18 ದನಿ. ಒಬ್ಬರದೇ ದನಿ ಕಾಪಿ ಮಾಡಿ ಮಾಡಿ ಹಾಕಬ್ಯಾಡ್ರಿ, ಗುಂಪು ಅನ್ನಿಸಲ್ಲ.

ಈಗ ಹಲಗೆ. ಮಧ್ಯಾಹ್ನ ಸಪ್ಪೆ ಆಗ್ತದ ಅಂದ್ರಲ್ಲ, ರೂಮಿನಾಗ ಏರ್‌ಕೂಲರ್ ಇದ್ದೀತು. ನೀರಿನ ಕೂಲರ್ ಹಸಿ ಗಾಳಿ ಬಿಡ್ತದ, ಚರ್ಮ ಅದನ್ನ ಹೀರಿ ಸಡಿಲ ಆಗ್ತದ. ಕೂಲರ್ ಬಂದ್ ಮಾಡ್ರಿ, ಬಿಸಿಲ ಸೀಮೆ ಆದ್ದರಿಂದ ಬೆಳಿಗ್ಗೆ 5ರಿಂದ 9ರ ಒಳಗ ಹಲಗೆ ಮುಗಿಸ್ರಿ. ಚರ್ಮದ ಹಲಗೆ ಎರಡು ಇಟ್ಕೊಳ್ರಿ. ಒಂದು ಬಾರಿಸೋವಾಗ ಇನ್ನೊಂದು ಹೊರಗ ಹುಲ್ಲಿನ ಉರಿಗೆ ಕಾಯಲಿ. ಕಾಸಿದ್ದು ಆರಿದಂಗೆಲ್ಲ ಶ್ರುತಿ ಇಳೀತದ, ಹಂಗಾಗಿ ಎರಡು ಮೂರು ಟೇಕಿಗೆ ಒಮ್ಮೆ ಬದಲಿಸ್ರಿ. ಅಂಚಿಗೆ ಬೆರಳಿಂದ ಹೊಡೆದು ಮೊದಲ ಟೇಕಿನ ಜೊತೆ ಹೋಲಿಸಿ ನೋಡ್ರಿ. ಇಲ್ಲಂದ್ರ ಮೊದಲ ಚರಣಕ್ಕೂ ಕೊನೆ ಚರಣಕ್ಕೂ ಬ್ಯಾರೆ ಬ್ಯಾರೆ ವಾದ್ಯ ಕೇಳಿಸ್ತದ. ನಟ್ಟು ಬಿಗಿಯೋ ಫೈಬರ್ ಹಲಗೆ ಶ್ರುತಿ ಬಿಡಲ್ಲ ಖರೆ, ಆದ್ರ ಗಿಟಾರ್ ನಡುವ ಅದರ ದನಿ ಪ್ಲಾಸ್ಟಿಕ್ ಡಬ್ಬಿಯಂಗ ಇರ್ತದ. ನಾನಂತೂ ಬ್ಯಾಡ ಅಂತೀನಿ.

ಮೈಕು ಎರಡು. ಮುಂದಿನ ಎಸ್‌ಎಂ57 ಚರ್ಮದಿಂದ 30 ಸೆಂಟಿಮೀಟರ್ ದೂರ, ನಡುವಿಗೆ ನೇರ ಅಲ್ಲ, ಅಂಚಿನ ಕಡೆ ಓರೆ. ಇನ್ನೊಂದು ಹಿಂದಿನ ತೆರೆದ ಬಾಯಿಗೆ, ಮೈ ತುಂಬಿದ ದನಿ ಅಲ್ಲಿಂದ ಬರ್ತದ. ಹಿಂದಿನ ಟ್ರ್ಯಾಕಿನ ಪೊಲಾರಿಟಿ (ಅಲೆಯ ಏರು ಇಳಿವಿನ ದಿಕ್ಕು) ಉಲ್ಟಾ ಮಾಡಲೇಬೇಕು. ಚರ್ಮ ಮುಂದಿನ ಮೈಕಿನಿಂದ ದೂರ ಹೋದಾಗ ಹಿಂದಿನದಕ್ಕ ಹತ್ತಿರ ಬರ್ತದ, ಎರಡನ್ನೂ ಹಂಗೇ ಕೂಡಿಸಿದ್ರ ಕೆಳದನಿ ಕಳೆದುಹೋಗಿ ಉಳಿಯೋದು ನೀವು ಹೇಳಿದ ತಗಡೇ. ಪೀಕ್ ಮೈನಸ್ 12 ಡೆಸಿಬೆಲ್ ದಾಟದಂಗ ಗೇನ್ (ಮೈಕಿನ ದನಿ ಏರಿಸೋ ಗುಂಡಿ) ಇಡ್ರಿ, ಹಲಗೆ ಪೆಟ್ಟು ಮೀಟರ್ ತೋರಿಸೋಕಿಂತ ಜೋರಾಗಿ ಬರ್ತದ.

ಕಡೀ ಮಾತು. ಹಲಗೆ ಈ ಸೀಮೆಯಾಗ ಮಾದಿಗರ ಮ್ಯಾಲೆ ಬಿಟ್ಟಿ ಚಾಕರಿಯಾಗಿ ಹೇರಿದ್ದ ವಾದ್ಯ. ಬಾರಿಸೋರ ಹೆಸರು ಕವರಿನ ಮ್ಯಾಲೆ ಬ್ಯಾಂಡಿನವರ ಹೆಸರಿನ ಅಳತೆಯಾಗೇ ಬರ್ಬೇಕು, ಆವತ್ತಿನ ದುಡ್ಡು ಆವತ್ತೇ ಕೊಡ್ಬೇಕು, ಮುಂದಿನ ಗಳಿಕೆಯಾಗ ಪಾಲು ಎಷ್ಟು ಅಂತ ಬರೆದು ಸಹಿ ಆಗ್ಬೇಕು. ರಾಜಕೀಯ ಆಲ್ಬಮ್ ಮಾಡೋರು ಇದರಾಗ ತಪ್ಪಬಾರದು.

ಗಂಗಾವತಿ_ಕನ್ಸೋಲ್, ಕೊಪ್ಪಳ

ಎ ತಂತಿ ಗುಂಯ್ ಅನ್ನೋದು ಬಾಸಿನ ತಪ್ಪಲ್ಲರೀ, ರೂಮಿಂದು. 10 ಅಡಿ ಅಂದ್ರ 3.05 ಮೀಟರ್. ಎದುರಾಬದರ ಗೋಡೆ ನಡುವ ನಿಲ್ಲೋ ಮೊದಲ ಅಲೆ ಅಂದ್ರ ದನಿಯ ವೇಗ 343ನ್ನ ಅಗಲದ ಎರಡರಷ್ಟು, ಅಂದ್ರ 6.1ರಿಂದ ಭಾಗಿಸಿದ್ದು, 56 ಹರ್ಟ್ಸ್. ಬಾಸಿನ ಒತ್ತದ ಎ ತಂತಿ 55. ಎರಡೂ ಒಂದರ ಮ್ಯಾಲೊಂದು ಕುಂತಾವು. 12 ಅಡಿ ಕಡೆಯಿಂದ 47 ಹರ್ಟ್ಸ್ ಬರತೈತಿ, ಅದು ಎಫ್ ಶಾರ್ಪ್ ಸನೇದ್ದು. ಬಾಸನ್ನ ಮೈಕಿನಾಗ ಹಿಡೀಬ್ಯಾಡ್ರಿ, ಅದರ ವೈರನ್ನ ಡಿಐ ಬಾಕ್ಸಿನ ಮೂಲಕ ನೇರ ಇಂಟರ್‌ಫೇಸಿಗೆ ಹಾಕ್ರಿ, ಅಲ್ಲಿಗೆ ರೆಕಾರ್ಡಿಂಗಿನ ತೊಂದರೆ ಮುಗೀತು. ಮಿಕ್ಸ್ ಮಾಡೋವಾಗ ಮಾತ್ರ ಅದೇ ರೂಮಿನಾಗ ಕುಂತು ಬಾಸ್ ಹೆಚ್ಚಾತು ಅಂತ ಕಡೀಬ್ಯಾಡ್ರಿ, ಹೆಡ್‌ಫೋನಿನಾಗ ನೋಡ್ರಿ.

ಗೋಡೆಗೆ ದುಡ್ಡು ಹಾಕೋದು ಬ್ಯಾಡ. ಜೀನ್ಸ್ ಘಟಕದಾಗ ಕಟಿಂಗ್ ಚಿಂದಿ ಮೂಟೆಗಟ್ಟಲೆ ಸಿಗತೈತಿ. 4 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಕಟ್ಟಿಗೆ ಚೌಕಟ್ಟು ಮಾಡಿ ಚಿಂದಿ ತುಂಬಿ ಮ್ಯಾಲೆ ತೆಳ್ಳನ ಕಾಟನ್ ಬಟ್ಟಿ ಹೊಡೀರಿ. ಒತ್ತಿ ಒತ್ತಿ ತುಂಬಬ್ಯಾಡ್ರಿ, ಗಾಳಿ ಒಳಗ ಹೋಗಬೇಕು. ಪ್ಲಾಸ್ಟಿಕ್ ಹಾಳಿ ಸುತ್ತಿದ್ರೂ ಕೆಲಸ ಕೆಡತೈತಿ. 8 ಸಾಕು: ನಾಲ್ಕು ಮೂಲಿಗೆ ನಾಲ್ಕು, ಹಾಡೋರ ಹಿಂದ ಎರಡು, ಎಡಬಲಕ್ಕ ಒಂದೊಂದು. ಗೋಡಿಂದ 4 ಇಂಚು ಬಿಟ್ಟು ನಿಲ್ಲಿಸಿದ್ರ ಇನ್ನೂ ಕೆಳಗಿನ ದನಿ ಹೀರತೈತಿ. 56 ಹರ್ಟ್ಸ್ ಇದರಿಂದ ಹೋಗೂದಿಲ್ಲ, ಆದ್ರ ಕಡಪ ಕಲ್ಲಿನ ಆ ಕಿಣಿಕಿಣಿ ಪ್ರತಿಧ್ವನಿ ಹೋಗತೈತಿ. ಮಾತು ಅಳಿಸಿ ಹಾಕೋದು ಅದೇ. ನೆಲಕ್ಕ ದಪ್ಪನ ಜಮಖಾನ ಹಾಸ್ರಿ. ಚಿಂದಿ ಬೆಂಕಿ ಹಿಡೀತೈತಿ, ಹಲಗೆ ಕಾಸೋ ಉರಿ ಆ ರೂಮಿನ ಸನೇಕ ಬರಬಾರದು.

ಗಿಟಾರ್: ಸ್ಟೇಜಿನಾಗ ಇಡೋ ಡಿಸ್ಟಾರ್ಷನ್ನಿನ (ದನಿ ಒರಟು ಮಾಡೋ ಗೇನಿನ) ಅರ್ಧ ಇಡ್ರಿ. ಒಂದೇ ಭಾಗ ಎರಡು ಸಲ ಬಾರಿಸಿ ಒಂದನ್ನ ಪೂರ್ತಿ ಎಡಕ್ಕ, ಒಂದನ್ನ ಪೂರ್ತಿ ಬಲಕ್ಕ ಹಾಕ್ರಿ. ಕಮ್ಮಿ ಗೇನಿನ ಎರಡು ಟ್ರ್ಯಾಕು ಕೂಡಿದ್ರ ಹೆಚ್ಚು ಗೇನಿನ ಒಂದಕ್ಕಿಂತ ದಪ್ಪ ಕೇಳತೈತಿ, ನಡುವ ಮಾತಿಗೆ ಜಾಗನೂ ಉಳೀತೈತಿ. ಕನ್ನಡದ ಚ, ಟ, ಸ, ಕ ಸ್ಪಷ್ಟ ಆಗೋದು 2ರಿಂದ 5 ಕಿಲೋಹರ್ಟ್ಸ್ ನಡುವ. ಗಿಟಾರಿನ ಕಡಿತ, ಹಲಗೆ ಚಟ್ ಅನ್ನೋದು ಎರಡೂ ಅಲ್ಲೇ ಐತಿ. ಗಿಟಾರ್ ಎರಡರಾಗೂ 3 ಕಿಲೋಹರ್ಟ್ಸ್ ಹತ್ರ ಅಗಲವಾಗಿ 3 ಡೆಸಿಬೆಲ್ ಕಡೀರಿ, 100 ಹರ್ಟ್ಸ್ ಕೆಳಗಿನದು ಪೂರ್ತಿ ತೆಗೀರಿ. ಹಲಗೆ ಬರೋ ಬಾರಿನಾಗ ಡ್ರಮ್ಸಿನ ಸ್ನೇರ್ (ಚಟ್ ಅನ್ನೋ ಡ್ರಮ್) ಬಿಡಿಸ್ರಿ, ಎರಡೂ ಒಂದೇ ಕೆಲಸಕ್ಕ ಬಡಿದಾಡತಾವು.

ಕರೆಂಟು ಹೋದಾಗ ಮನೀ ಇನ್ವರ್ಟರ್ ಮ್ಯಾಲೆ ತಗೊಂಡ ಟೇಕು ನಂಬಬ್ಯಾಡ್ರಿ. ಸ್ಕ್ವೇರ್ ವೇವ್ ಇನ್ವರ್ಟರಿದ್ರ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ಪಿನಾಗ (ತಂತಿ ದನಿ ಹಿಡಿಯೋ ಕಾಯಿಲ್) ಝೇಂಕಾರ ಬಂದೇ ಬರತೈತಿ. ಪ್ಯೂರ್ ಸೈನ್ ವೇವ್ ಇದ್ರ ಅಡ್ಡಿಯಿಲ್ಲ.

ಕಾರ್ಖಾನಿ ದೂಳಿನ ಬಗ್ಗೆ ಒಂದು. ಸ್ಪಾಂಜ್ ಐರನ್ ಪುಡಿ ಅಯಸ್ಕಾಂತಕ್ಕ ಅಂಟತೈತಿ. ಸ್ಪೀಕರಿನ ಕಾಯಿಲ್ ಸಂದಿಯಾಗ ಸೇರಿದ್ರ ಕೆರೆದಂಗ ಕರಕರ ಅಂತೈತಿ, ಆಮ್ಯಾಲೆ ಕೋನ್ ಬದಲಿಸೋದೊಂದೇ ದಾರಿ. ಆ್ಯಂಪಿಗೆ ದಿನಾ ಬಟ್ಟಿ ಹೊದಿಸ್ರಿ. ಗಿಟಾರಿನ ವಾಲ್ಯೂಮ್ ಗುಂಡಿ ಕರಕರ ಅಂದ್ರ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು 20 ಸಲ ತಿರುವ್ರಿ, ಮನ್ಯಾಗಿನ ತುಕ್ಕಿನ ಎಣ್ಣಿ ಹಾಕಬ್ಯಾಡ್ರಿ, ದೂಳು ಇನ್ನೂ ಕೂಡತೈತಿ.

ಹಾಡು_ಹಕ್ಕು, ರಾಯಚೂರು

ಹೆಸರು ಹೇಳುವುದು ತಾನಾಗಿ ಅಪರಾಧವಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟ ಹಾಡಿಗೂ ಅನ್ವಯಿಸುತ್ತದೆ, ಕಂಪನಿಯೂ ದೂರು ಕೊಡಬಹುದು. ಶಿಕ್ಷೆ ಎರಡು ವರ್ಷದವರೆಗೆ ಇದೆ. ಸತ್ಯವಾಗಿರಬೇಕು, ಸಾರ್ವಜನಿಕ ಹಿತಕ್ಕೂ ಆಗಿರಬೇಕು, ಎರಡೂ ಇದ್ದರೆ ರಕ್ಷಣೆ ಉಂಟು. ಸಿವಿಲ್ ದಾವೆ ಬೇರೆ.

ಹೀಗೆ ಮಾಡಿ. ಸಾಹಿತ್ಯವನ್ನು ಮುದ್ರಿಸಿಕೊಂಡು, ನಡೆದದ್ದು ಎಂದು ಹೇಳುವ ಪ್ರತಿ ಸಾಲಿಗೂ ಕೆಂಪು ಗೆರೆ ಎಳೆಯಿರಿ. ಪಕ್ಕದಲ್ಲಿ ಯಾವ ದಾಖಲೆಯ ಯಾವ ಪುಟ ಎಂದು ಬರೆಯಿರಿ: ಲೋಕಾಯುಕ್ತರ 2011ರ ವರದಿ, ಗಣಿ ಗುತ್ತಿಗೆಗಳ ಕುರಿತ ಸುಪ್ರೀಂ ಕೋರ್ಟಿನ 2013ರ ತೀರ್ಪು, ಸದನದಲ್ಲಿ ಕೊಟ್ಟ ಉತ್ತರ. ಪಕ್ಕದಲ್ಲಿ ಏನೂ ಬರೆಯಲಾಗದ ಸಾಲನ್ನು ಬಿಡಿ, ಇಲ್ಲವೇ ಪ್ರಶ್ನೆಯಾಗಿ ತಿರುಗಿಸಿ. ‘ಆರೋಪಿ’ ಇರುವ ಕಡೆ ‘ಕಳ್ಳ’ ಎಂದು ಹಾಡಬೇಡಿ. ಶಿಕ್ಷೆಯಾಗಿದ್ದರೂ ಮೇಲ್ಮನವಿಯಲ್ಲಿ ಏನಾಗಿದೆ ಎಂದು ಬಿಡುಗಡೆಯ ವಾರ ಮತ್ತೆ ನೋಡಿ. ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿದ್ದು ತೀರ್ಪಿನಲ್ಲೇ ಇದೆ, ಅದನ್ನು ಎಷ್ಟು ಗಟ್ಟಿಯಾಗಿಯಾದರೂ ಕೂಗಬಹುದು. ಎ ಮತ್ತು ಬಿ ವರ್ಗದವರನ್ನೂ ಅದೇ ಉಸಿರಿನಲ್ಲಿ ಸೇರಿಸಿದರೆ ಸಾಲು ಸುಳ್ಳಾಗುತ್ತದೆ.

ಹಾರುಬೂದಿಯ ಹಾಡಿಗೆ ಅಂಕಿಅಂಶ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಬೂದಿ ಮತ್ತು ನೀರು ಎರಡನ್ನೂ ಒಂದರಲ್ಲೇ ಕೇಳಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರಿಸಿ, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು.

ರಿವಾಯತ್ ಪದ ‘ಜಾನಪದ, ಯಾರದೂ ಅಲ್ಲ’ ಎಂದುಕೊಳ್ಳಬೇಡಿ. ಕೊನೆಯ ನುಡಿಯನ್ನು ಪೂರ್ತಿ ಕೇಳಿ, ಅಲ್ಲಿ ಕವಿಯ ಹೆಸರು, ಊರು ಬರುವುದು ವಾಡಿಕೆ. ಕವಿ ಬದುಕಿದ್ದರೆ ಅಥವಾ ತೀರಿಕೊಂಡು 60 ವರ್ಷ ಆಗಿಲ್ಲದಿದ್ದರೆ ಹಕ್ಕುಸ್ವಾಮ್ಯ ಇದೆ. ಊರಿಗೆ ಹೋಗಿ, ಅವರನ್ನೋ ಮನೆಯವರನ್ನೋ ಕಂಡು, ಒಪ್ಪಿಗೆ ಬರೆಸಿಕೊಂಡು ಹಣ ಕೊಡಿ. ಹಕ್ಕುಸ್ವಾಮ್ಯ ಕಾಯ್ದೆಯ 31ಸಿ ಕಲಮಿನ ಕವರ್ ಲೈಸೆನ್ಸ್ (ಮೊದಲೇ ಬಂದ ಹಾಡನ್ನು ಮತ್ತೆ ಹಾಡುವ ಅನುಮತಿ) ನಿಮಗೆ ಒದಗುವುದಿಲ್ಲ. ಮೊದಲ ಧ್ವನಿಮುದ್ರಣವಾಗಿ ಐದು ವರ್ಷ ಕಳೆದಿರಬೇಕು, 50,000 ಪ್ರತಿಯ ರಾಯಧನ ಮುಂಗಡ ಕಟ್ಟಬೇಕು, ಸಾಲು ಬದಲಿಸುವಂತಿಲ್ಲ. 12ನೇ ಶತಮಾನದ ವಚನಕ್ಕೆ ಇದಾವುದೂ ಇಲ್ಲ, ಆದರೆ ಈಗಿನವರು ಹಾಕಿದ ರಾಗಕ್ಕೆ ಹಕ್ಕು ಇರುತ್ತದೆ.

ಮಾನ್ವಿ_ಮೇಳ ಹೇಳಿದ್ದು ಸರಿ, ಹಲಗೆ ಕಲಾವಿದರಿಗೂ ಅದೇ ಕಾಯ್ದೆಯ 38ನೇ ಕಲಮಿನಲ್ಲಿ ಪ್ರದರ್ಶಕರ ಹಕ್ಕು ಇದೆ, 50 ವರ್ಷ.

ಕೌಲ್‌ಬಜಾರ್_ಬಾಸ್, ಬಳ್ಳಾರಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಕೂಲರ್ ಹೌದು, ಬಂದ್ ಮಾಡಿದ ಮೇಲೆ ಹಲಗೆ ನಿಂತೈತೆ. ಇನ್ನೊಂದು: ಹಲಗೆಯವರ ನಡೆ ಮೂರು ಮೂರು, ನಮ್ಮ ಡ್ರಮ್ಸು ಎರಡು ನಾಲ್ಕು. ಕ್ಲಿಕ್ (ಹೆಡ್‌ಫೋನಿನಾಗೆ ಟಿಕ್ ಟಿಕ್ ಅನ್ನೋ ತಾಳ) ಹಾಕಿ ಬಾರಿಸಿದ್ರೆ ಅವರ ಕೈ ಕಟ್ಟಿದಂಗೆ ಆಗ್ತೈತೆ.

ಮಾನ್ವಿ_ಮೇಳ, ರಾಯಚೂರು

ಕ್ಲಿಕ್ ಅವರಿಗೆ ಬ್ಯಾಡ, ನಿಮಗಿರಲಿ. ಹಲಗೆ ಮೊದಲು ರೆಕಾರ್ಡ್ ಮಾಡ್ರಿ, ಅವರ ಪಾಡಿಗೆ ಬಾರಿಸಲಿ. ಆಮ್ಯಾಲೆ ಸಾಫ್ಟ್‌ವೇರಿನಾಗ ಪ್ರತಿ ಬಾರಿನ ಮೊದಲ ಪೆಟ್ಟಿಗೆ ಗುರುತು ಹಾಕಿ ಟೆಂಪೊ ಮ್ಯಾಪ್ ಮಾಡ್ರಿ, ಕ್ಲಿಕ್ ಹಲಗೆ ಹಿಂದ ಬರ್ತದ. ಡ್ರಮ್ಸು, ಗಿಟಾರು ಅದರ ಮ್ಯಾಲೆ. ಆ ಹಾಡಿಗೆ ವೇಗ 160ಕ್ಕ ಇಳಿಸ್ರಿ. ಒಂದು ಬೀಟಿನಾಗ ಮೂರು ಪೆಟ್ಟು ಅಂದ್ರ ಒಂದೊಂದಕ್ಕ 125 ಮಿಲಿಸೆಕೆಂಡು ಸಿಗ್ತದ, 200ರಾಗ 100 ಅಷ್ಟೇ, ಪೆಟ್ಟು ಬಿಡಿಬಿಡಿಯಾಗಿ ಕೇಳಲ್ಲ. ಚರಣದಾಗ ಗಿಟಾರ್ ಬೀಟಿಗೆ ಒಂದೇ ಸಲ ಕೆಳಗ ಹೊಡೀಲಿ. ಎರಡೆರಡು ಹೊಡೆದ್ರ ಹಲಗೆ ಮೂರರ ಜೊತೆ ಜಗಳ. ಪಲ್ಲವಿಗೆ ನಿಮ್ಮ ನೇರ ಬೀಟು ಬರಲಿ, ಆಗ ಹಲಗೆ ಬೀಟಿಗೆ ಒಂದೇ ಪೆಟ್ಟು.

ಸಿರುಗುಪ್ಪ_ಡೆಕ್, ಬಳ್ಳಾರಿ

ಆನ್‌ಲೈನಿಗೆ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ), ಪೀಕ್ ಮೈನಸ್ 1 ಡೆಸಿಬೆಲ್ ಇಟ್ರೆ ಸಾಕು. ಇಲ್ಲಿ ಹಾಡು ಹಬ್ಬೋದು ಆಟೋ, ಟ್ರ್ಯಾಕ್ಟರ್ ಪೆನ್‌ಡ್ರೈವಿನಿಂದ, ಅದಕ್ಕೆ ಬೇರೆ ತಯಾರಿ ಬೇಕು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಮಾಡ್ರಿ, ಅಗ್ಗದ ಡೆಕ್ಕು ಬೇರೆದು ಓದಲ್ಲ. ಫೈಲ್ ಹೆಸರು ಇಂಗ್ಲಿಷ್ ಅಕ್ಷರದಾಗೆ ಇರ್ಲಿ, ಕನ್ನಡ ಹಾಕಿದ್ರೆ ಬಹಳ ಡೆಕ್ಕಿನಾಗೆ ಬರೀ ಡಬ್ಬಿ ಡಬ್ಬಿ ಕಾಣ್ತಾವೆ. ಹಾಡು ಒಂದೊಂದಾಗಿ ಕ್ರಮವಾಗಿ ಕಾಪಿ ಮಾಡ್ರಿ. ಬಹಳ ಡೆಕ್ಕು ಹೆಸರಿನ ಕ್ರಮ ನೋಡಲ್ಲ, ಕಾಪಿ ಆದ ಕ್ರಮದಾಗೆ ಹಾಡ್ತಾವೆ.

ಮಿಕ್ಸನ್ನ ಮೊನೊ ಮಾಡಿ ಕೇಳ್ರಿ. ದನಿ ಅಗಲ ಮಾಡೋ ಎಫೆಕ್ಟ್ ಗುಂಪಿನ ಕೂಗಿಗೆ ಹಾಕಿದ್ರೆ ಒಂದೇ ಸ್ಪೀಕರಿನಾಗೆ ಕೂಗೇ ಮಾಯ. ಜಾಥಾದ ಆಟೋ ಮೇಲಿನ ಗಂಟೆ ಮೈಕಿನಾಗೂ (ಹಾರ್ನ್ ಸ್ಪೀಕರ್) ಹಾಕಿಸಿ ನೋಡ್ರಿ, ಅದರಾಗೆ ಬಾಸ್ ಬರೋದೇ ಇಲ್ಲ, ಮಾತು ಮತ್ತೆ ಹಲಗೆ ಮಾತ್ರ ಉಳೀತಾವೆ. ಬಿಡುಗಡೆ ಕಾರ್ಯಕ್ರಮ ಬಯಲಾಗೆ ಇದ್ರೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಮೊದಲೇ ತಗೊಳ್ರಿ, ರಾತ್ರಿ 10ಕ್ಕೆ ಬಂದ್. ಶಾಲೆ, ಆಸ್ಪತ್ರೆ, ಕೋರ್ಟಿನಿಂದ 100 ಮೀಟರ್ ಒಳಗೆ ಜಾಗ ನೋಡಬ್ಯಾಡ್ರಿ, ಸೌಂಡ್ ಚೆಕ್ ಹೊತ್ತಿಗೇ ನಿಲ್ಲಿಸ್ತಾರೆ.