ಫೋನಿನಲ್ಲಿ ಕನ್ನಡ ಬೇಗ ಬರೆಯುವುದು ಹೇಗೆ? ‘ಹಾಲು’ ಹೋಗಿ ‘ಹಾಳು’ ಆಗುತ್ತಿದೆ

ಡೇರಿ ಕಾರ್ಯದರ್ಶಿ, ಚನ್ನರಾಯಪಟ್ಟಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ನಾನು ಕಾರ್ಯದರ್ಶಿ. ವಾಟ್ಸಾಪ್ ಗುಂಪಿನಲ್ಲಿ 140 ಜನ ಇದ್ದಾರೆ. ಬಟವಾಡೆ ಯಾವತ್ತು, ಪಶು ಆಹಾರ ಎಷ್ಟು ಮೂಟೆ ಬಂದಿದೆ, ಕಾಲುಬಾಯಿ ಜ್ವರದ ಲಸಿಕೆ ಹಾಕಲು ಡಾಕ್ಟರ್ ಎಷ್ಟು ಗಂಟೆಗೆ ಬರುತ್ತಾರೆ, ಎಲ್ಲ ಅದರಲ್ಲೇ ತಿಳಿಸಬೇಕು. ಬೆಳಗ್ಗೆ ಹಾಲು ಅಳೆದು ಮುಗಿಸಿ, ಗಾಡಿ ಬರುವಷ್ಟರಲ್ಲಿ ಹತ್ತು ನಿಮಿಷ ಸಿಕ್ಕರೆ ಹೆಚ್ಚು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಬೇಗ ಮುಗಿಯುತ್ತದೆ. ಆದರೆ ನಮ್ಮಲ್ಲಿ ಹಾಲು ಹಾಕುವವರು ಹೆಂಗಸರು, ವಯಸ್ಸಾದವರೇ ಜಾಸ್ತಿ. ಕನ್ನಡ ಚೆನ್ನಾಗಿ ಓದುತ್ತಾರೆ, ಆ ಥರ ಬರೆದಿದ್ದು ಅವರಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಕನ್ನಡ ಅಕ್ಷರ ಬಿಡುವ ಮಾತೇ ಇಲ್ಲ.

ಈಗ ಬಳಸುತ್ತಿರುವುದು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ಊಹಿಸಿ ಕೊಡುವ ಕೀಬೋರ್ಡ್. ಹೋದ ವಾರ ‘ಬೆಳಗಿನ ಹಾಲು’ ಎಂದು ಒತ್ತಿದ್ದು ‘ಬೆಳಗಿನ ಹಾಳು’ ಎಂದು ಹೋಗಿಬಿಟ್ಟಿತು. ಮಂಡಿನೋವಿರುವ ಒಬ್ಬ ಅಜ್ಜಿ, ತಮ್ಮ ಹಾಲು ಒಡೆದುಹೋಯಿತೇನೋ ಎಂದು ಗಾಬರಿಯಾಗಿ ಡೇರಿವರೆಗೂ ನಡೆದು ಬಂದರು. ನನಗೆ ತುಂಬಾ ಬೇಜಾರಾಯಿತು.

ಬೇಗವೂ ಆಗಬೇಕು, ತಪ್ಪೂ ಇರಬಾರದು. ನೀವೆಲ್ಲ ಹೇಗೆ ಬರೆಯುತ್ತೀರಿ?

ಡಿಟಿಪಿ ಕೆಲಸ, ಶಿವಮೊಗ್ಗ

ಸರ್, ಊಹೆಯ ಕೀಬೋರ್ಡ್ ಬಿಟ್ಟುಬಿಡಿ. ಕಂಪ್ಯೂಟರಿನಲ್ಲಿ ನಾವು ಬಳಸುವ ನುಡಿ ಲೇಔಟ್, ಅಂದರೆ ಕೆ.ಪಿ. ರಾವ್ ಅವರು ಮಾಡಿದ ಕೀಲಿಮಣೆ, ಫೋನಿಗೂ ಸಿಗುತ್ತದೆ. ಪ್ಲೇ ಸ್ಟೋರಿನಲ್ಲಿ ನುಡಿ ಅಥವಾ ಕಗಪ (ಕನ್ನಡ ಗಣಕ ಪರಿಷತ್ತು) ಎಂದು ಹುಡುಕಿ. ಚಿಕ್ಕ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ನಿಮ್ಮ ‘ಹಾಲು’ ಯಾವತ್ತೂ ‘ಹಾಳು’ ಆಗುವುದಿಲ್ಲ. ಒತ್ತಕ್ಷರಕ್ಕೆ ನಡುವೆ ಎಫ್. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. ಅಕಾರ ತಾನಾಗಿ ಬರುತ್ತದೆ, ಅದಕ್ಕೆ ಬೇರೆ ಒತ್ತಬೇಕಾಗಿಲ್ಲ. ಟ ಇರುವುದು ಕ್ಯೂ ಮೇಲೆ, ಡ ಇರುವುದು ಡಬ್ಲ್ಯೂ ಮೇಲೆ. ಅದಕ್ಕೆ ಕೈ ಕೂರಲು ಒಂದು ವಾರ ಕೊಡಿ.

ಅಂಗನವಾಡಿ ಕಾರ್ಯಕರ್ತೆ, ಶಿರಸಿ

ಅಣ್ಣಾ, ಕಲಿಯಲು ಪುರುಸೊತ್ತಿಲ್ಲ ಅಂದರೆ ಮೈಕ್ ಒತ್ತಿ ಮಾತಾಡಿ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಮಾತು ಕೇಳಿ ಬರೆದುಕೊಡುವ ಸೌಲಭ್ಯ 2017ರಿಂದ ಇದೆ. ನಾನು ಬರೆಯುವುದೆಲ್ಲ ಹಾಗೇ. ‘ಬರ್ತಾರೆ’ ಎನ್ನದೆ ‘ಬರುತ್ತಾರೆ’ ಎಂದು ಬಿಡಿಸಿ ಹೇಳಿದರೆ ನನಗೆ ತಪ್ಪು ಕಡಿಮೆ ಬರುತ್ತದೆ. ಚುಕ್ಕಿ, ಕಾಮಾ ಕೈಯಲ್ಲೇ ಹಾಕುತ್ತೇನೆ. ಹೆಸರು, ದಿನಾಂಕ ಮಾತ್ರ ಕಳಿಸುವ ಮುಂಚೆ ಒಮ್ಮೆ ಓದಿ ನೋಡಿ. ಡೇರಿಯಲ್ಲಿ ಕ್ಯಾನುಗಳ ಸದ್ದು ಇರುತ್ತದಲ್ವಾ, ಹೊರಗೆ ಬಂದು ಹೇಳಿ.

ಸೊಸೈಟಿ ಗುಮಾಸ್ತ, ಮಂಡ್ಯ

ನಿಮ್ಮದೂ ನನ್ನದೂ ಒಂದೇ ಕೆಲಸ. ದಿನಾ ಬರೆಯುವುದು ಅದೇ ಹತ್ತು ಸಾಲು ಅಲ್ವಾ? ಅದನ್ನೇ ಸುಮ್ನೆ ಯಾಕೆ ಮತ್ತೆ ಮತ್ತೆ ಟೈಪ್ ಮಾಡುತ್ತೀರಿ? ಜಿಬೋರ್ಡ್‌ನ ಕ್ಲಿಪ್‌ಬೋರ್ಡ್ ತೆರೆದು, ಕಾಪಿ ಮಾಡಿದ ಸಾಲನ್ನು ಒತ್ತಿ ಹಿಡಿದು ಪಿನ್ ಮಾಡಿ. ಪಿನ್ ಮಾಡದಿದ್ದರೆ ಒಂದು ಗಂಟೆಯಲ್ಲಿ ಅಳಿಸಿಹೋಗುತ್ತದೆ. ಆಮೇಲೆ ಬೇಕಾದಾಗ ಮುಟ್ಟಿದರೆ ಪೂರ್ತಿ ಸಾಲು ಬಂದು ಕೂರುತ್ತದೆ, ದಿನಾಂಕ ಬದಲಿಸಿದರೆ ಆಯಿತು. ತಿದ್ದುವಾಗ ಸ್ಪೇಸ್ ಬಾರ್ ಮೇಲೆ ಬೆರಳು ಎಳೆಯಿರಿ, ಕರ್ಸರ್ ಬೇಕಾದ ಜಾಗಕ್ಕೆ ಹೋಗುತ್ತದೆ. ಅಕ್ಷರದ ಮಧ್ಯೆ ಬೆರಳಿಟ್ಟು ಒದ್ದಾಡುವುದು ತಪ್ಪುತ್ತದೆ.

ಡೇರಿ ಕಾರ್ಯದರ್ಶಿ, ಚನ್ನರಾಯಪಟ್ಟಣ ತಾಲ್ಲೂಕು

ಹದಿನೈದು ದಿನ ಆಯಿತು. ಬಟವಾಡೆಯದು, ಲಸಿಕೆಯದು, ಪಶು ಆಹಾರದ್ದು, ಮೂರೂ ಸಾಲು ಪಿನ್ ಮಾಡಿದ್ದೇನೆ. ಬೆಳಗ್ಗೆ ಎರಡು ನಿಮಿಷದಲ್ಲಿ ಮುಗಿಯುತ್ತಿದೆ. ಮೈಕ್ ಡೇರಿಯಲ್ಲಿ ಆಗಲಿಲ್ಲ ತಂಗಿ, ಆದರೆ ರಾತ್ರಿ ಮನೆಯಲ್ಲಿ ಕೂತು ಸಭೆಯ ನಡಾವಳಿ ಬರೆಯಲು ತುಂಬಾ ಚೆನ್ನಾಗಿದೆ. ಉಳಿದದ್ದಕ್ಕೆ ನುಡಿ ಲೇಔಟ್ ಕಲಿಯುತ್ತಿದ್ದೇನೆ. ಡಬ್ಲ್ಯೂ ಹುಡುಕುವುದು ನಿಂತಿದೆ, ಠ, ಢ ಬಂದಾಗ ಇನ್ನೂ ತಡೆಯುತ್ತದೆ. ಶಿವಮೊಗ್ಗದ ಸರ್, ‘ಸ್ತ್ರೀಶಕ್ತಿ ಸಂಘ’ ಬರೆಯುವಾಗ ಮೊದಲಕ್ಷರ ತಪ್ಪಿದರೆ ಪೂರ್ತಿ ಅಳಿಸಬೇಕಾ?

ಡಿಟಿಪಿ ಕೆಲಸ, ಶಿವಮೊಗ್ಗ

ಬೇಡ ಸರ್. ‘ಸ್ತ್ರೀ’ ನೋಡಲು ಒಂದು ಅಕ್ಷರ, ಒಳಗೆ ಆರು ತುಂಡು ಇವೆ: ಎಸ್, ಎಫ್, ಟಿ, ಎಫ್, ಆರ್, ದೊಡ್ಡ ಐ. ಬ್ಯಾಕ್‌ಸ್ಪೇಸ್ ಹಿಂದಿನಿಂದ ಒಂದೊಂದೇ ತುಂಡು ತೆಗೆಯುತ್ತದೆ. ದೀರ್ಘ ಮಾತ್ರ ತಪ್ಪಿದ್ದರೆ ಒಂದೇ ಸಲ ಒತ್ತಿ, ದೊಡ್ಡ ಐ ಹಾಕಿ.